ಓದುಗರ ಪ್ರಶ್ನೆ: ಹೊಸ ಮನೆಗೆ ಪ್ರೊಪೇನ್ ಟ್ಯಾಂಕ್ ಹಾಕಿಸಬಹುದೇ?

ಪ್ರಶ್ನೆ: ಕೆಂಗೇರಿ ಉಪನಗರದಾಚೆ 30×40ರ ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ತಾರಸಿ ಮುಗಿದು ಈಗ ವೈರಿಂಗ್, ಪ್ಲಂಬಿಂಗ್ ಕೆಲಸ ನಡೆಯುತ್ತಿದೆ. ಅಮೆರಿಕದಲ್ಲಿರುವ ಮಗ, ತಾನಿರುವ ಮನೆಯಲ್ಲಿ ಒಲೆಗೂ ಬಿಸಿನೀರಿಗೂ ಹಿತ್ತಲಿನ ಪ್ರೊಪೇನ್ ಟ್ಯಾಂಕಿನಿಂದಲೇ ಅನಿಲ ಬರುತ್ತದೆ, ನೀವೂ ಹಾಗೆಯೇ ಮಾಡಿಸಿದರೆ ಸಿಲಿಂಡರ್ ಎಳೆದಾಡುವ ಕಷ್ಟ ತಪ್ಪುತ್ತದೆ ಎನ್ನುತ್ತಾನೆ. ನಮ್ಮ ಬೀದಿಗೆ ಪೈಪ್ ಗ್ಯಾಸ್ ಇನ್ನೂ ಬಂದಿಲ್ಲ. ನಾವು ಯಾವುದನ್ನು ಆರಿಸಿಕೊಳ್ಳಬೇಕು?
— ಗೃಹಿಣಿ, ಕೆಂಗೇರಿ

ಉತ್ತರ: ಟ್ಯಾಂಕ್ ಬೇಡ. ನಿಮ್ಮ ಮಗ ಹೇಳುತ್ತಿರುವ ಅನಿಲ ಈಗಾಗಲೇ ನಿಮ್ಮ ಅಡುಗೆಮನೆಯಲ್ಲಿದೆ. ನಮ್ಮಲ್ಲಿ ಮನೆಗೆ ಬರುವ ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ತಾಪಮಾನ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಬ್ಯೂಟೇನ್ ದ್ರವವಾಗಿಯೇ ಉಳಿದುಬಿಡುತ್ತದೆ. ಆದ್ದರಿಂದ ಹಿಮ ಬೀಳುವ ಊರುಗಳಲ್ಲಿ ಮೈನಸ್ 42 ಡಿಗ್ರಿಯಲ್ಲೇ ಕುದಿದು ಅನಿಲವಾಗುವ ಪ್ರೊಪೇನನ್ನು ಬಳಸುತ್ತಾರೆ. ಡಿಸೆಂಬರ್ ಬೆಳಗಿನಲ್ಲೂ 15 ಡಿಗ್ರಿಯ ಆಸುಪಾಸಿನಲ್ಲಿರುವ ಬೆಂಗಳೂರಿಗೆ ಆ ಚಿಂತೆಯಿಲ್ಲ. ಇನ್ನು ಟ್ಯಾಂಕಿನ ಮಾತು. ಅಮೆರಿಕದಲ್ಲಿ ಅನಿಲದ ಪೈಪ್‌ಲೈನ್ ತಲುಪದ ಮನೆಗಳಿಗೆ ಸಾಮಾನ್ಯವಾಗಿ 500 ಗ್ಯಾಲನ್, ಎಂದರೆ ಸುಮಾರು 1,900 ಲೀಟರಿನ ಟ್ಯಾಂಕ್ ಇಡುತ್ತಾರೆ, ಮತ್ತು ಅಲ್ಲಿನ ನಿಯಮದಂತೆ ಅದು ಮನೆಯಿಂದ ಕನಿಷ್ಠ 10 ಅಡಿ ದೂರವಿರಬೇಕು. ಸುತ್ತ ಮೂರು ನಾಲ್ಕು ಅಡಿ ಜಾಗ ಬಿಟ್ಟು, ಪಕ್ಕದ ಮನೆಯ ಗೋಡೆಗೆ ಕೈ ಎಟಕುವಂತೆ ಕಟ್ಟುವ ನಮ್ಮ ನಿವೇಶನಗಳಲ್ಲಿ ಆ 10 ಅಡಿಯನ್ನು ಎಲ್ಲಿಂದ ತರುವುದು?

ನಿಮಗೆ ತಕ್ಕದ್ದು 14.2 ಕೆಜಿಯ ಎರಡು ಸಿಲಿಂಡರ್‌ಗಳ ಸಂಪರ್ಕ. ಅವುಗಳನ್ನು ಯುಟಿಲಿಟಿಯಲ್ಲೋ ಹೊರಗೋಡೆಯ ಪಕ್ಕದಲ್ಲೋ ಇರಿಸಿ, ಅಲ್ಲಿಂದ ಒಲೆಯವರೆಗೆ ತಾಮ್ರದ ಪೈಪ್ ಎಳೆಸಿದರೆ ಒಳಗೆ ಎತ್ತಿ ತರುವ ಕಷ್ಟ ತಾನಾಗಿಯೇ ತಪ್ಪುತ್ತದೆ. ಈ ಕೆಲಸವನ್ನು ನೀರಿನ ಪೈಪ್ ಹಾಕುವವರಿಂದ ಮಾಡಿಸದೆ, ನಿಮ್ಮ ಗ್ಯಾಸ್ ಏಜೆನ್ಸಿಯ ಮೂಲಕ ಅನುಭವಸ್ಥರಿಂದಲೇ ಮಾಡಿಸಿ. ಪೈಪನ್ನು ಗೋಡೆಯೊಳಗೆ ಹೂಳಿ ಗಾರೆ ಮಾಡಿಸಬೇಡಿ. ಗೋಡೆ ದಾಟುವ ಕಡೆ ಮಾತ್ರ ಒಂದು ಸ್ಲೀವ್ (ಪೈಪ್ ತೂರಿಹೋಗುವ ಹೊರಕೊಳವೆ) ಇರಲಿ, ಉಳಿದದ್ದು ಕಣ್ಣಿಗೆ ಕಾಣುವಂತಿರಲಿ. ಒಲೆಯ ಬಳಿ ಕೈಗೆ ಸಿಗುವಲ್ಲಿ ಒಂದು ವಾಲ್ವ್ ಬೇಕು. ರಬ್ಬರ್ ಟ್ಯೂಬ್ ಎಲ್ಲಿ ಬಳಸಿದರೂ ಐಎಸ್‌ಐ ಗುರುತಿನ ಸುರಕ್ಷಾ ಟ್ಯೂಬೇ ಆಗಿರಲಿ, ಐದು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಿ.

ಸಿಲಿಂಡರ್ ಇಡುವ ಜಾಗದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಹೊಸ ಮನೆಗಳಲ್ಲಿ ಹೆಚ್ಚಾಗಿ ಎಡವುವುದು ಇಲ್ಲಿಯೇ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಸೋರಿದ ಅನಿಲ ಮೇಲೇರದೆ ನೆಲಕ್ಕಿಳಿದು, ತಗ್ಗಿರುವ ಕಡೆ ಹರಿದುಹೋಗಿ ಅಲ್ಲಿಯೇ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಒಂದು ಕಿಡಿ ಸಾಕು. ನಮ್ಮ ಮನೆಗಳ ಪಕ್ಕದ ಓಣಿಯನ್ನು ಒಮ್ಮೆ ನೋಡಿ: ಸಂಪಿನ ಮುಚ್ಚಳ, ಒಳಚರಂಡಿಯ ಛೇಂಬರ್, ಮೋಟಾರಿನ ಸ್ವಿಚ್ಚು ಎಲ್ಲವೂ ಅಲ್ಲೇ ಇರುತ್ತವೆ, ಮೇಸ್ತ್ರಿಯೂ ಸಿಲಿಂಡರಿಗೆ ಅಲ್ಲೇ ಒಂದು ಗೂಡು ಕಟ್ಟಿಕೊಡುತ್ತಾರೆ. ಸೋರಿದ ಅನಿಲ ಸಂಪಿನೊಳಗೆ ಇಳಿದು ಕೂತಿರುವಾಗ ಪಕ್ಕದಲ್ಲಿ ಮೋಟಾರ್ ಸ್ವಿಚ್ ಒತ್ತುವುದು ಎಷ್ಟು ಅಪಾಯವೆಂದು ಬೇರೆ ಹೇಳಬೇಕಿಲ್ಲ. ಗೂಡನ್ನು ಇವೆಲ್ಲವುಗಳಿಂದ ದೂರದಲ್ಲಿ, ನೆಲಮಟ್ಟಕ್ಕಿಂತ ಮೇಲೆ ಕಟ್ಟಿಸಿ. ಬಾಗಿಲಿಗೆ ಜಾಲರಿ ಹಾಕಿಸಿ, ಅದರ ಕೆಳಭಾಗ ತೆರೆದಿರಲಿ. ಅಡುಗೆಮನೆಯಲ್ಲಿಯೂ ನೆಲದ ಸಮೀಪ ಒಂದು ಗಾಳಿಕಿಂಡಿ ಇರಲೇಬೇಕು, ಚಿಮಣಿ ಇದೆಯೆಂದು ಅದನ್ನು ಬಿಡಬೇಡಿ.

ಸಿಲಿಂಡರ್ ಬಂದಾಗ ಮೇಲಿನ ಹಿಡಿಯ ಪಟ್ಟಿಯ ಒಳಮೈಯನ್ನು ನೋಡಿ ಪಡೆಯಿರಿ. ಅಲ್ಲಿ ‘ಸಿ-28’ ಎಂಬಂಥ ಗುರುತಿರುತ್ತದೆ. ಎ, ಬಿ, ಸಿ, ಡಿ ಎಂಬವು ವರ್ಷದ ನಾಲ್ಕು ತ್ರೈಮಾಸಿಕಗಳು, ಸಂಖ್ಯೆ ವರ್ಷದ್ದು. ಸಿ-28 ಎಂದರೆ 2028ರ ಸೆಪ್ಟೆಂಬರ್ ಒಳಗೆ ಆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕು ಎಂದರ್ಥ. ಅವಧಿ ಮೀರಿದ್ದರೆ ಹಿಂದಕ್ಕೆ ಕಳುಹಿಸಿ. ಸೋರಿಕೆಯ ವಾಸನೆ ಬಂದರೆ ಸ್ವಿಚ್ಚುಗಳನ್ನು ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಬಂದು, ಎಲ್‌ಪಿಜಿ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿ.

ಬಿಸಿನೀರಿಗೆ ಮಾತ್ರ ಅನಿಲವನ್ನು ನಾನು ಒಪ್ಪುವುದಿಲ್ಲ. ಗ್ಯಾಸ್ ಗೀಸರ್ ಇರುವ ಪುಟ್ಟ ಬಚ್ಚಲುಮನೆಯ ಕಿಟಕಿಯನ್ನು ಚಳಿಗೆಂದು ಮುಚ್ಚಿದಾಗ ಕಾರ್ಬನ್ ಮಾನಾಕ್ಸೈಡ್ ತುಂಬಿ ಜನ ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಎಲ್‌ಪಿಜಿಗೆ ಬೆರೆಸುವ ಕೆಟ್ಟ ವಾಸನೆ ಸೋರಿಕೆಯನ್ನು ತಿಳಿಸುತ್ತದೆಯೇ ಹೊರತು ಈ ವಿಷಾನಿಲವನ್ನಲ್ಲ. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಖರ್ಚಿನ ದೃಷ್ಟಿಯಿಂದಲೂ ಗ್ಯಾಸ್ ಗೀಸರ್ ಲಾಭವಲ್ಲ: ದಿನಕ್ಕೆ 100 ಲೀಟರ್ ನೀರನ್ನು 22 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ತಿಂಗಳಿಗೆ ಹೆಚ್ಚುಕಡಿಮೆ ಅರ್ಧ ಸಿಲಿಂಡರ್ ಹೋಗುತ್ತದೆ. ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್ ಹಾಕಿಸಿ, ಮೋಡದ ದಿನಗಳಿಗೆ ವಿದ್ಯುತ್ ಗೀಸರ್ ಇಟ್ಟುಕೊಳ್ಳಿ.

ಹಾಗಾದರೆ ಒಲೆಯನ್ನೂ ವಿದ್ಯುತ್ತಿಗೇ ಬಿಡಬಾರದೇ ಎಂದು ನೀವು ಕೇಳಬಹುದು. ಒಂದು ಸಿಲಿಂಡರಿನಲ್ಲಿರುವ ಶಾಖ ಸುಮಾರು 180 ಯೂನಿಟ್. ಒಲೆಯಲ್ಲಿ ನಷ್ಟವಾಗುವುದನ್ನು ಕಳೆದು ಲೆಕ್ಕ ಹಾಕಿದರೆ, ಅದು ಮಾಡುವ ಕೆಲಸಕ್ಕೆ ಇಂಡಕ್ಷನ್ ಒಲೆ 140 ಯೂನಿಟ್‌ನಷ್ಟು ವಿದ್ಯುತ್ ತೆಗೆದುಕೊಳ್ಳುತ್ತದೆ. ನಿಮ್ಮ ಬೆಸ್ಕಾಂ ಬಿಲ್ಲಿನ ಯೂನಿಟ್ ದರವನ್ನು 140ರಿಂದ ಗುಣಿಸಿ, ಆ ತಿಂಗಳ ಸಿಲಿಂಡರ್ ಬೆಲೆಯೊಂದಿಗೆ ಹೋಲಿಸಿ ನೋಡಿ. ಗೃಹಜ್ಯೋತಿಯ ಫಲಾನುಭವಿಗಳು ಇನ್ನೊಂದನ್ನು ಗಮನಿಸಬೇಕು: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಇಂಡಕ್ಷನ್ ಮೇಲೆ ಅಲ್ಯೂಮಿನಿಯಂ ಪಾತ್ರೆ ಕಾಯದು, ಬದನೆಕಾಯಿ ಸುಟ್ಟು ಗೊಜ್ಜು ಮಾಡಲಾಗದು. ಆದರೂ ಅಡುಗೆ ಕಟ್ಟೆಯ ಬಳಿ ಪ್ರತ್ಯೇಕ ಲೈನಿನ 16 ಆಂಪಿಯರ್ ಪಾಯಿಂಟೊಂದನ್ನು ಈಗಲೇ ಕೊಡಿಸಿ, ಏಕೆಂದರೆ ಸಿಲಿಂಡರ್ ತಡವಾದಾಗ ಅದೇ ಆಧಾರ, ಮುಂದೆ ಗೋಡೆ ಒಡೆಯುವುದೂ ತಪ್ಪುತ್ತದೆ. ಪೈಪ್ ಗ್ಯಾಸ್ ಬರುವ ದಿನಕ್ಕಾಗಿ ಅಡುಗೆಮನೆಯ ಹೊರಗೋಡೆಯಲ್ಲಿ ಖಾಲಿ ಸ್ಲೀವ್ ಒಂದನ್ನು ಬಿಟ್ಟು ಬಿರಡೆ ಹಾಕಿಸಿಡಿ.

ಪ್ರಶ್ನೆ: ಎಚ್‌ಎಸ್‌ಆರ್ ಬಡಾವಣೆಯ ನಮ್ಮ ಹೊಸ ಫ್ಲ್ಯಾಟಿನಲ್ಲಿ ಪೈಪ್ ಗ್ಯಾಸ್ ಇದೆ. ಹಳೆಯ ಎಲ್‌ಪಿಜಿ ಒಲೆಯನ್ನೇ ಬಳಸಬಹುದೇ?
— ಓದುಗರು, ಬೆಂಗಳೂರು

ಉತ್ತರ: ಬಳಸಬಹುದು, ಆದರೆ ಜೆಟ್ (ಬರ್ನರಿಗೆ ಅನಿಲ ಬಿಡುವ ಸಣ್ಣ ರಂಧ್ರದ ಬಿಡಿಭಾಗ) ಬದಲಾಯಿಸದೆ ಅಲ್ಲ. ಪೈಪಿನಲ್ಲಿ ಬರುವುದು ಮುಖ್ಯವಾಗಿ ಮೀಥೇನ್. ಅಷ್ಟೇ ಗಾತ್ರದ ಎಲ್‌ಪಿಜಿಯ ಅರ್ಧಕ್ಕಿಂತ ಕಡಿಮೆ ಶಾಖ ಅದರಲ್ಲಿದೆ, ಹಾಗಾಗಿ ಜೆಟ್‌ನ ರಂಧ್ರ ದೊಡ್ಡದಾಗಿರಬೇಕು. ಸಂಪರ್ಕ ಕೊಡುವ ಕಂಪನಿಯ ತಂತ್ರಜ್ಞರೇ ಇದನ್ನು ಮಾಡಿಕೊಡುತ್ತಾರೆ. ಹಾಗೆ ಬದಲಾಯಿಸಿದ ಒಲೆಯನ್ನು ಮತ್ತೆ ಸಿಲಿಂಡರಿಗೆ ಜೋಡಿಸಬೇಡಿ, ಉರಿ ಕೈಮೀರಿ ಏಳುತ್ತದೆ. ಮೀಥೇನ್ ಗಾಳಿಗಿಂತ ಹಗುರ, ಆದ್ದರಿಂದ ಗಾಳಿಕಿಂಡಿ ಸೂರಿನ ಬಳಿ ಇರಬೇಕು. ಬಿಲ್ ಘನ ಮೀಟರಿನ ಲೆಕ್ಕದಲ್ಲಿ ಬರುತ್ತದೆ. ಒಂದು ಸಿಲಿಂಡರಿಗೆ ಸರಿಸುಮಾರು 17–18 ಘನ ಮೀಟರ್ ಎಂದಿಟ್ಟುಕೊಂಡು ಹೋಲಿಸಿ. ಹಳೆಯ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಏಜೆನ್ಸಿಗೆ ಒಪ್ಪಿಸಿ, ಸಂಪರ್ಕ ಪಡೆದಾಗ ಕೊಟ್ಟ ವೋಚರ್ ತೋರಿಸಿದರೆ ನಿಮ್ಮ ಠೇವಣಿ ಹಣ ವಾಪಸ್ ಸಿಗುತ್ತದೆ.