ಸಂಪಾದಕರ ಉತ್ತರ: ಒಂದು ರಾತ್ರಿಯ ತಡ

ಹಾಸನದ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಬೋಧಿಸುವ ಓದುಗರೊಬ್ಬರು, ಹೆಸರು ಪ್ರಕಟಿಸುವುದು ಬೇಡ ಎಂಬ ಕೋರಿಕೆಯೊಂದಿಗೆ ಹೀಗೆ ಬರೆದಿದ್ದಾರೆ:

“ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಬರೆಯುವವರಿಗೆ ‘ಬರೆದದ್ದನ್ನು ಒಂದು ರಾತ್ರಿ ಇಟ್ಟುಕೊಳ್ಳಿ, ಬೆಳಿಗ್ಗೆ ಓದಿ ನೋಡಿ, ಆಮೇಲೆ ಲೋಕಕ್ಕೆ ಕೊಡಿ’ ಎಂದು ಬುದ್ಧಿ ಹೇಳಿದ್ದೀರಿ. ಹದಿನೆಂಟು ವರ್ಷಗಳಿಂದ ಪಾಠ ಮಾಡುತ್ತಿರುವ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿದ್ದಾಳೆ. ಊಟದ ಬಿಡುವಿನ ಅರ್ಧ ಗಂಟೆಯಲ್ಲಿ ಮೊಬೈಲಿನಲ್ಲಿ ಬರೆಯುತ್ತಾಳೆ. ನೂರಾರು ಜನ ಓದುತ್ತಾರೆ. ಅವಳಿಗೆ ಎಲ್ಲಿಯ ರಾತ್ರಿ? ನಿಮ್ಮಂಥ ಪತ್ರಿಕೆಗೆ ಕಳುಹಿಸಿದ್ದರೆ ಆ ಬರಹ ಇಂದು ಯಾವ ಕಪಾಟಿನಲ್ಲಿರುತ್ತಿತ್ತು? ‘ಕಾಯಿರಿ’ ಎನ್ನುವುದು, ಯಾರ ಮಾತಿಗಾಗಿ ಜನ ಕಾದಿರುತ್ತಾರೋ ಅಂಥವರು ಕೊಡುವ ಉಪದೇಶ. ಬಾಗಿಲು ಬಿದ್ದುಹೋಗಿದೆ. ಬಾಗಿಲು ಕಾಯುತ್ತಿದ್ದವರಿಗೆ ದುಃಖವಾಗುವುದು ಸಹಜ.”

ಮೇಡಂ, ನಿಮ್ಮ ಪತ್ರ ಮಿಂಚಂಚೆಯಲ್ಲಿ ರಾತ್ರಿ ಹನ್ನೊಂದೂವರೆಗೆ ಬಂತು. ಓದಿದ ಕೂಡಲೇ ಉತ್ತರಿಸಬೇಕೆನ್ನಿಸಿತು, ಮನಸ್ಸು ಬಿಸಿಯಾಗಿತ್ತು. ಇಂದು ಇಪ್ಪತ್ತೆರಡನೆಯ ದಿನ. ಆ ರಾತ್ರಿಯೇ ಬರೆದಿದ್ದರೆ ನಿಮ್ಮ ಕೊನೆಯ ಎರಡು ವಾಕ್ಯಗಳಿಗೆ ಮಾತ್ರ ಉತ್ತರ ಬರೆಯುತ್ತಿದ್ದೆ. ಇಷ್ಟು ದಿನದಲ್ಲಿ ಆ ಬಿಸಿ ಆರಿ, ನಿಮ್ಮ ವಿದ್ಯಾರ್ಥಿನಿಯ ಅರ್ಧ ಗಂಟೆ ನನ್ನನ್ನು ಹಿಡಿದುಕೊಂಡಿದೆ.

ಒಪ್ಪಬೇಕಾದದ್ದನ್ನು ಒಪ್ಪುತ್ತೇನೆ. ನಮ್ಮ ಕಚೇರಿಗೆ ಬಂದು ಉತ್ತರ ಕಾಣದೆ ಉಳಿದ ಬರಹಗಳಿವೆ. ಯಾವ ಊರಿನ, ಯಾವ ಮನೆತನದ, ಯಾವ ಬಗೆಯ ಕನ್ನಡ ಅಚ್ಚಾಗಬೇಕು ಎಂಬುದನ್ನು ಬಹಳ ಕಾಲ ಕೆಲವೇ ಜನ ತೀರ್ಮಾನಿಸಿದ್ದೂ ನಿಜ. ಇನ್ನು ಜಾಲತಾಣದ ಉಪಕಾರವನ್ನು ನಾನು ದಿನವೂ ಉಣ್ಣುತ್ತಿದ್ದೇನೆ. ವಿ. ಕೃಷ್ಣ ಅವರ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಅಂತರ್ಜಾಲಕ್ಕೆ ಬಂದಾಗಿನಿಂದ ನನ್ನ ಮೇಜಿನ ಮೇಲೆ ಅದು ತೆರೆದೇ ಇರುತ್ತದೆ. ಒಂದೂವರೆ ಲಕ್ಷ ಪದಗಳು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಆದರೆ ಮೇಡಂ, ಪದ ಹುಡುಕಿದರೆ ಅರ್ಥ ಕಣ್ಣು ಮಿಟುಕಿಸುವುದರೊಳಗೆ ಸಿಗುತ್ತದೆಯಲ್ಲ, ಅದರ ಹಿಂದೆ ಒಬ್ಬ ಮನುಷ್ಯ ನಾಲ್ಕು ದಶಕ ಕೂತು ಮಾಡಿದ ಕೆಲಸವಿದೆ. ತಲುಪುವುದು ಬೇಗ ಆಗಲಿ, ನನ್ನ ತಕರಾರಿಲ್ಲ. ತಯಾರಾಗುವುದೂ ಅದೇ ವೇಗದಲ್ಲಿ ಆಗಬೇಕೆಂಬ ಹಟ ನನಗೆ ಒಪ್ಪಿಗೆಯಿಲ್ಲ.

ತಡ ಎಂದರೆ ಏನೆಂದು ನನಗೆ ಕಲಿಸಿದ್ದು ಎರಡು ಪೋಸ್ಟ್ ಕಾರ್ಡುಗಳು. ನಾನು ಈ ಕೆಲಸಕ್ಕೆ ಹೊಸದಾಗಿ ಸೇರಿದ್ದ ಕಾಲ. ಮಲೆನಾಡಿನ ಒಬ್ಬ ಹಿರಿಯ ಓದುಗರು ನಮ್ಮಲ್ಲಿ ಬಂದ ಕಥೆಯೊಂದನ್ನು ಓದಿ ಕೆಂಡವಾಗಿದ್ದರು. ಕಾರ್ಡಿನ ಎರಡೂ ಬದಿ, ವಿಳಾಸದ ಪಕ್ಕದ ಜಾಗವನ್ನೂ ಬಿಡದೆ, ಕಥೆ ಬರೆದ ಹುಡುಗನ ಜಾತಿ ಹಿಡಿದು ಬರೆದಿದ್ದರು. ಅದೇ ದಿನದ ಅಂಚೆಯಲ್ಲಿ, ಅದೇ ಕಟ್ಟಿನಲ್ಲಿ, ಅವರದೇ ಕೈಬರಹದ ಇನ್ನೊಂದು ಕಾರ್ಡು ಇತ್ತು. “ನಿನ್ನೆ ಹಾಕಿದ ಕಾಗದವನ್ನು ದಯವಿಟ್ಟು ಪ್ರಕಟಿಸಬೇಡಿ. ರಾತ್ರಿ ನಿದ್ದೆ ಬರಲಿಲ್ಲ. ಕಥೆಯನ್ನು ಮತ್ತೆ ಓದಿದೆ. ಹುಡುಗ ಬರೆದದ್ದು ನಮ್ಮ ಮನೆಯ ವಿಷಯ, ಅದಕ್ಕೇ ಸಿಟ್ಟು ಬಂತು.” ಮೊದಲ ಕಾರ್ಡು ಅವರ ಊರಿನ ಅಂಚೆ ಡಬ್ಬಿಯಲ್ಲೋ ಜಿಲ್ಲಾ ಕೇಂದ್ರದಲ್ಲೋ ಒಂದು ದಿನ ಉಳಿದಿರಬೇಕು, ಎರಡನೆಯದು ಬಂದು ಅದನ್ನು ಕೂಡಿಕೊಂಡಿತು. ಎರಡನೆಯ ಕಾರ್ಡನ್ನು ನಾವು ಅಚ್ಚು ಹಾಕಿದೆವು. ಆ ಹುಡುಗನಿಗೂ ಅವರಿಗೂ ಆಮೇಲೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಯಿತು. ಇಂದಾಗಿದ್ದರೆ ಮೊದಲ ಕಾರ್ಡು ಅರೆಕ್ಷಣದಲ್ಲಿ ನಾಲ್ಕು ಸಾವಿರ ಜನರ ಮುಂದೆ ಇರುತ್ತಿತ್ತು. ಅದರ ಕೆಳಗೆ ಅವರ ಪರವಾಗಿ ನೂರು ಜನ, ಹುಡುಗನ ಪರವಾಗಿ ನೂರು ಜನ ನಿಂತಿರುತ್ತಿದ್ದರು. ಅಷ್ಟು ಜನ ನಿಂತು ನೋಡುತ್ತಿರುವಾಗ ‘ಸಿಟ್ಟಿನಲ್ಲಿ ಬರೆದೆ’ ಎಂದು ಒಪ್ಪಿಕೊಳ್ಳಲು ಯಾವ ಹಿರಿಯರಿಗೆ ಧೈರ್ಯ ಬರುತ್ತದೆ? ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದವರು ಆಡಿದ ಮಾತು ಸ್ಕ್ರೀನ್‌ಶಾಟ್ ಆಗಿ ಉಳಿಯುವ ಕಾಲವನ್ನು ಕಂಡಿರಲಿಲ್ಲ.

ನನ್ನ ಗುರುಗಳಲ್ಲಿ ಒಬ್ಬರು ಸಂಪಾದಕರಲ್ಲ, ಮೊಳೆ ಜೋಡಿಸುವವರು. ಅಚ್ಚುಕೂಟದಲ್ಲಿ ನಿಂತೇ ಕೆಲಸ. ಕನ್ನಡದ ಒಂದೊಂದು ಅಕ್ಷರಕ್ಕೂ ಬೇರೆ ಮೊಳೆ, ಒತ್ತಕ್ಷರಕ್ಕೆ ಬೇರೆ ಗೂಡು. ಒಂದು ಪುಟ ನಿಲ್ಲಿಸಬೇಕಾದರೆ ಕೈ ನೂರಾರು ಸಲ ಗೂಡಿಗೆ ಹೋಗಿ ಬರಬೇಕು. ಕೆಲವೊಮ್ಮೆ ಅವರು ಹೊರಗೆ ಬಂದು, ಮಸಿ ಹತ್ತಿದ ಬೆರಳನ್ನು ಹಸ್ತಪ್ರತಿಯ ಒಂದು ಸಾಲಿನ ಮೇಲಿಟ್ಟು, “ಸ್ವಾಮಿ, ಈ ಮಾತನ್ನು ಮೇಲೆಯೇ ಒಂದು ಸಲ ಹೇಳಿದ್ದೀರಿ, ಮತ್ತೆ ಬೇಕೇ?” ಎಂದು ಕೇಳುತ್ತಿದ್ದರು. ನೂರಕ್ಕೆ ತೊಂಬತ್ತು ಸಲ ಬೇಕಿರಲಿಲ್ಲ.

ಬಾಗಿಲು ಕಾಯುವವರು ಎಂದಿರಿ. ಅದು ಮುಚ್ಚಿದ್ದಷ್ಟೇ ನಿಮ್ಮ ನೆನಪಿನಲ್ಲಿದೆ, ತೆರೆದದ್ದೂ ಇರಲಿ. ಪಿ. ಲಂಕೇಶರು 1980ರಲ್ಲಿ ಪತ್ರಿಕೆ ಶುರುಮಾಡಿದರು. ಕಾಸರಗೋಡಿನ ಗಡಿಯಲ್ಲಿ ಬೆಳೆದ, ಬ್ಯಾರಿ ಮಾತೂ ಮಲಯಾಳವೂ ಕಿವಿಯಲ್ಲಿದ್ದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಆ ಪತ್ರಿಕೆಯಲ್ಲೇ. ನಿಮ್ಮ ಹಾಸನದವರೇ ಆದ ಬಾನು ಮುಷ್ತಾಕ್ ವರದಿಗಾರರಾಗಿ ಪಳಗಿದ್ದೂ ಅಲ್ಲೇ. 2025ರಲ್ಲಿ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆದವು. ಸಾರಾ, ಬಾನು ಇಬ್ಬರೂ ಮುಸ್ಲಿಂ ಹೆಣ್ಣುಮಕ್ಕಳು. ‘ನೀವು ಬರೆಯಿರಿ, ನಾನು ಹಾಕುತ್ತೇನೆ’ ಎಂದು ಹೇಳುವ ಒಬ್ಬ ಸಂಪಾದಕ, ಅದರಿಂದ ಬರುವ ಬೈಗುಳಕ್ಕೆ ತನ್ನ ಹೆಸರನ್ನೂ ಒಡ್ಡುತ್ತಾನೆ. ಇಂದು ಅಂಥ ಕಥೆಯನ್ನು ಜಾಲತಾಣಕ್ಕೆ ಹಾಕಿದ ಹೆಣ್ಣುಮಗಳ ಜೊತೆಗೆ ಯಾರು ನಿಲ್ಲುತ್ತಾರೆ? ಬೈಗುಳ ನೇರವಾಗಿ ಅವಳ ಅಂಗೈಗೇ ಬರುತ್ತದೆ, ರಾತ್ರಿ ಎರಡು ಗಂಟೆಗೆ, ಅವಳೊಬ್ಬಳೇ ಇರುವಾಗ.

ಅಷ್ಟಕ್ಕೂ ಬಾಗಿಲು ಬಿದ್ದಿದೆಯೇ? ನಿಮ್ಮ ವಿದ್ಯಾರ್ಥಿನಿ ಬರೆದದ್ದು ಯಾರ ಕಣ್ಣಿಗೆ ಬೀಳಬೇಕು, ಯಾರಿಗೆ ಕಾಣಬಾರದು ಎಂದು ಇವತ್ತೂ ಯಾವುದೋ ಒಂದು ತೀರ್ಮಾನಿಸುತ್ತಿದೆ. ಫೇಸ್‌ಬುಕ್ 2012ರ ಜನವರಿಯ ಒಂದು ವಾರ, 6,89,003 ಬಳಕೆದಾರರಿಗೆ ತಿಳಿಸದೆ, ಅವರ ಮುಂದೆ ಬರುವ ಬರಹಗಳಲ್ಲಿ ಕೆಲವರಿಗೆ ಸಂತಸದವನ್ನೂ ಕೆಲವರಿಗೆ ಬೇಸರದವನ್ನೂ ಕಡಿಮೆ ಮಾಡಿ, ಅವರ ಮನಸ್ಸು ಹೇಗೆ ಹೊರಳುತ್ತದೆಂದು ಅಳೆಯಿತು. 2014ರಲ್ಲಿ ಆ ಸಂಶೋಧನಾ ಪ್ರಬಂಧ ಪ್ರಕಟವಾದ ಮೇಲಷ್ಟೇ ಲೋಕಕ್ಕೆ ವಿಷಯ ಗೊತ್ತಾದದ್ದು. ನನ್ನ ಮೇಲೆ ಸಿಟ್ಟು ಬಂದಾಗ ನೀವು ನನಗೆ ಪತ್ರ ಬರೆದಿರಿ, ನಾನು ಉತ್ತರ ಕೊಡುತ್ತಿದ್ದೇನೆ. ಆ ಬಾಗಿಲಿಗೆ ಯಾರ ಹೆಸರಿನಲ್ಲಿ ಪತ್ರ ಬರೆಯುತ್ತೀರಿ?

ನೀವು ಬೋಧಿಸುವವರು, ನಿಮ್ಮ ವಿದ್ಯಾರ್ಥಿಗಳಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೂವರು ವಿದ್ವಾಂಸರು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ಖಂಡಿತ ಓದಿಸಿರುತ್ತೀರಿ. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳು, ಅವನ್ನು ಹಂಚಿದ ಸುಮಾರು 30 ಲಕ್ಷ ಜನ. ಸುಳ್ಳು ಮರುಹಂಚಿಕೆಯಾಗುವ ಸಾಧ್ಯತೆ ನಿಜಕ್ಕಿಂತ ಶೇ 70ರಷ್ಟು ಹೆಚ್ಚು. 1,500 ಜನರನ್ನು ಮುಟ್ಟಲು ಸುಳ್ಳಿಗೆ ಹಿಡಿದ ಸಮಯದ ಆರರಷ್ಟು ಸಮಯ ನಿಜಕ್ಕೆ ಬೇಕಾಯಿತು. ಯಂತ್ರಗಳು ಹಂಚಿದ್ದನ್ನು ತೆಗೆದುಹಾಕಿ ನೋಡಿದರೂ ಲೆಕ್ಕ ಬದಲಾಗಲಿಲ್ಲ. ಹಂಚಿದವರು ಮನುಷ್ಯರು, ನಮ್ಮಂಥವರೇ. ಟ್ವಿಟರ್ 2009ರಲ್ಲಿ ತಂದ ಮರುಹಂಚಿಕೆಯ ಗುಂಡಿಯನ್ನು ರೂಪಿಸಿದ ತಂಡದ ಮುಖ್ಯಸ್ಥ ಕ್ರಿಸ್ ವೆದರೆಲ್ ಹತ್ತು ವರ್ಷಗಳ ಬಳಿಕ, ನಾಲ್ಕು ವರ್ಷದ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ಕೊಟ್ಟಂತಾಯಿತೇನೋ ಎಂದು ಪರಿತಪಿಸಿದರು. ಗುಂಡಿ ಬರುವ ಮೊದಲು ಇನ್ನೊಬ್ಬರ ಮಾತನ್ನು ಹಂಚಬೇಕಾದರೆ ನಕಲು ಮಾಡಿ, ಅವರ ಹೆಸರು ಸೇರಿಸಿ, ಕೈಯಾರೆ ಹಾಕಬೇಕಿತ್ತು. ಆ ಕೆಲವು ಸೆಕೆಂಡುಗಳಲ್ಲಿ ಮನುಷ್ಯ ಒಮ್ಮೆಯಾದರೂ ಓದುತ್ತಿದ್ದ.

ಇದು ಅಮೆರಿಕದ ವಿಷಯ ಎನ್ನಬೇಡಿ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಚೀಲ ಹೊತ್ತು ನಿಂತ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರನ್ನು ನೆನಪಿಸಿಕೊಳ್ಳಿ. ಮೊಬೈಲಿಗೆ ಬಂದ ಗಾಳಿಸುದ್ದಿಗೆ ಹೆದರಿ ಓಡುತ್ತಿದ್ದವರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳುಹಿಸದಂತೆ ಸರ್ಕಾರ ಕೆಲವು ದಿನ ನಿರ್ಬಂಧ ಹಾಕಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದಂತೂ ನನ್ನನ್ನು ಈಗಲೂ ಬಿಟ್ಟಿಲ್ಲ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಅವರ ಕಾರಿಗಿಂತ ಮೊದಲು ಮುರ್ಕಿಯನ್ನು ತಲುಪಿತು. ಜನ ರಸ್ತೆ ಅಡ್ಡಗಟ್ಟಿ ನಿಂತಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲಿ ಜೀವ ಕಳೆದುಕೊಂಡರು. ಕಾರು ಓಡುವಷ್ಟು ಸಮಯವಾದರೂ ಆ ಸಂದೇಶ ಯಾರದೋ ಕೈಯಲ್ಲಿ ನಿಂತಿದ್ದರೆ?

ಅದಾಗಿ ಕೆಲವೇ ದಿನಗಳಲ್ಲಿ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸಬಹುದು ಎಂಬ ಮಿತಿ ತಂದಿತು. ಬಹಳ ಸಲ ಕೈ ಬದಲಿಸಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂಬ ನಿಯಮ 2020ರ ಏಪ್ರಿಲ್‌ನಲ್ಲಿ ಬಂದಾಗ, ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ತಗ್ಗಿತು ಎಂದು ಆ ಕಂಪನಿಯೇ ಹೇಳಿತು. ಅದೇ ವರ್ಷ ಟ್ವಿಟರ್, ತೆರೆದು ನೋಡದ ಲೇಖನವನ್ನು ಹಂಚಲು ಹೊರಟವರನ್ನು ‘ಮೊದಲು ಓದುತ್ತೀರಾ?’ ಎಂದು ಕೇಳತೊಡಗಿತು. ಕೇಳಿಸಿಕೊಂಡವರು ಲೇಖನ ತೆರೆಯುವುದು ಶೇ 40ರಷ್ಟು ಹೆಚ್ಚಾಯಿತು. ಯಾರನ್ನೂ ತಡೆಯಲಿಲ್ಲ, ಯಾರ ಬಾಯಿಯನ್ನೂ ಮುಚ್ಚಲಿಲ್ಲ. ನಮ್ಮ ಮೊಳೆ ಜೋಡಿಸುವವರು ಕೇಳುತ್ತಿದ್ದ ‘ಬೇಕೇ?’ ಎಂಬ ಒಂದು ಪ್ರಶ್ನೆಯನ್ನು ವಾಪಸು ತಂದಿಟ್ಟರು, ಅಷ್ಟೇ.

ಆ ಪ್ರಶ್ನೆ ಕೇಳುವವರನ್ನು ನಾವು ಎಲ್ಲ ಕಡೆಯಿಂದಲೂ ಕಳುಹಿಸಿಬಿಟ್ಟಿದ್ದೇವೆ ಎಂಬುದು ನನ್ನ ನಿಜವಾದ ಸಂಕಟ. ಪತ್ರಿಕೆಗಳಲ್ಲಿ ಕರಡು ತಿದ್ದುವವರ ಹುದ್ದೆಯೇ ಮಾಯವಾಗುತ್ತಿದೆ. ಪುಸ್ತಕಗಳು ಲೇಖಕರ ಕಂಪ್ಯೂಟರಿನಿಂದ ನೇರ ಮುದ್ರಣಕ್ಕೆ ಹೋಗುತ್ತವೆ, ಬೆನ್ನುಡಿಯಲ್ಲೇ ಅಲ್ಪಪ್ರಾಣ ಮಹಾಪ್ರಾಣ ಅದಲುಬದಲು. ಕುವೆಂಪು, ಬೇಂದ್ರೆ ಎಂದೂ ಬರೆಯದ ಸಾಲುಗಳು ಅವರ ಭಾವಚಿತ್ರದ ಕೆಳಗೆ ಪ್ರತಿ ಬೆಳಿಗ್ಗೆ ನನ್ನ ಮೊಬೈಲಿಗೆ ಶುಭೋದಯ ಹೇಳುತ್ತವೆ. ಕಳುಹಿಸುವವರಲ್ಲಿ ಕನ್ನಡ ಎಂ.ಎ. ಮಾಡಿದವರೇ ಹೆಚ್ಚು. ಇತ್ತ ಯಾರೋ ಹುಡುಗಿ ಬರೆದ ಒಳ್ಳೆಯ ಕವಿತೆ ಅವಳ ಹೆಸರು ಕಳಚಿಕೊಂಡು ಗ್ರೂಪಿನಿಂದ ಗ್ರೂಪಿಗೆ ಅನಾಥವಾಗಿ ಅಲೆಯುತ್ತದೆ. ಎರಡು ವರ್ಷದ ಕೆಳಗೆ ಹಿರಿಯ ಕವಿಯೊಬ್ಬರು ತೀರಿಕೊಂಡರೆಂದು ಒಂದೇ ಗಂಟೆಯಲ್ಲಿ ಹನ್ನೊಂದು ಜನ ನನಗೆ ಸಂದೇಶ ಕಳುಹಿಸಿದರು, ಮೂವರು ಶ್ರದ್ಧಾಂಜಲಿ ಲೇಖನವನ್ನೂ. ನಾನು ಅವರ ಮನೆಗೆ ಫೋನ್ ಮಾಡಿದೆ. ಎತ್ತಿದವರು ಕವಿಗಳೇ. “ಬೆಳಿಗ್ಗೆಯಿಂದ ನೀವೊಬ್ಬರೇ ವಿಚಾರಿಸಿದ್ದು” ಎಂದರು. ಆ ದನಿ ಇನ್ನೂ ಕಿವಿಯಲ್ಲಿದೆ.

ಗಮನ ಎಂಬುದು ಮುಗಿದುಹೋಗುವ ವಸ್ತು. ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ 1971ರಲ್ಲೇ, ಮಾಹಿತಿ ಹೆಚ್ಚಿದಷ್ಟೂ ಗಮನಕ್ಕೆ ಬಡತನ ಬರುತ್ತದೆ ಎಂದಿದ್ದರು. ನಿಮ್ಮ ವಿದ್ಯಾರ್ಥಿನಿಯ ಅರ್ಧ ಗಂಟೆ ನನಗೆ ಅಮೂಲ್ಯವಾಗಿ ಕಾಣುವುದು ಇದರಿಂದಲೇ. ಅವಳು ಬರೆದದ್ದನ್ನು ನೂರಾರು ಜನ ಓದುತ್ತಾರೆ ಎಂದಿರಿ. ಅವರಲ್ಲಿ ಒಬ್ಬರಾದರೂ ‘ಮೂರನೆಯ ಪ್ಯಾರಾದಲ್ಲಿ ಸೂಪರ್‌ವೈಸರ್ ಬೈದನೆಂದು ಬರೆದಿದ್ದೀಯ, ಏನೆಂದು ಬೈದ?’ ಎಂದು ಕೇಳಿದ್ದಾರೆಯೇ? ನಾಲ್ಕು ವರ್ಷದ ಹಿಂದೆ ಕೋಲಾರದ ಕಡೆಯ ತರುಣಿಯೊಬ್ಬರು ಫೇಸ್‌ಬುಕ್‌ನಲ್ಲಿ ಏಳುನೂರು ಜನ ಮೆಚ್ಚಿದ ಕಥೆಯನ್ನು ನಮಗೆ ಕಳುಹಿಸಿದ್ದರು. ಕೊನೆಯಲ್ಲಿ ಅಜ್ಜಿ ಅಳುವುದು ನನಗೆ ನಂಬಿಕೆಯಾಗಲಿಲ್ಲ, ಹಾಗೆಯೇ ಬರೆದೆ. “ಏಳುನೂರು ಜನರಲ್ಲಿ ಯಾರೂ ಹೀಗೆ ಹೇಳಲಿಲ್ಲ ಸಾರ್” ಎಂದು ಸಿಟ್ಟಿನಿಂದ ಉತ್ತರಿಸಿದರು. ಎಂಟು ತಿಂಗಳ ಮೇಲೆ ಕಥೆ ಮತ್ತೆ ಬಂತು. ಅಜ್ಜಿ ಅಳಲಿಲ್ಲ, ಎದ್ದು ಹೋಗಿ ಹಸುವಿಗೆ ಕಲಗಚ್ಚು ಇಟ್ಟು ಬಂದಳು. ಓದಿ ನನ್ನ ಕಣ್ಣು ತುಂಬಿತು. ಆ ಎಂಟು ತಿಂಗಳು ಯಾರೂ ಅವರ ಬಾಗಿಲು ಮುಚ್ಚಿರಲಿಲ್ಲ, ಮೇಡಂ. ಅವರು ಆ ಅಜ್ಜಿಯ ಜೊತೆಗಿದ್ದರು.

ಕಾರ್ಖಾನೆಯಲ್ಲಿ ದುಡಿದು ಬಂದವಳಿಗೆ ರಾತ್ರಿ ಎಲ್ಲಿಯದು ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನನ್ನಲ್ಲಿ ಇರುವುದು ಒಂದು ಏರ್ಪಾಡು ಮಾತ್ರ. ಅವಳು ಮೊಬೈಲಿನಲ್ಲಿ ಬರೆದದ್ದನ್ನು ಹಾಗೆಯೇ, ತಿದ್ದದೆ, ನಮಗೆ ಕಳುಹಿಸಲಿ. ಆ ರಾತ್ರಿಯ ಕೆಲಸ ನನ್ನದು. ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆಗಳನ್ನು ಬರೆದು, ಹದಿನೈದು ದಿನದೊಳಗೆ ನಿಮ್ಮ ಕಾಲೇಜಿನ ವಿಳಾಸಕ್ಕೆ ಅಂಚೆಯಲ್ಲಿ ಹಿಂದಿರುಗಿಸುತ್ತೇನೆ. ಪೆನ್ಸಿಲ್ ಏಕೆಂದರೆ, ಒಪ್ಪಿಗೆಯಾಗದ್ದನ್ನು ಅವಳು ಅಳಿಸಿಹಾಕಬಹುದು. ಸೂಪರ್‌ವೈಸರ್ ಏನೆಂದು ಬೈದ ಎಂಬುದನ್ನು ಮಾತ್ರ ಬರೆಯಲು ಹೇಳಿ.

— ಸಂ.