ಬ್ಯಾಗು ಎಷ್ಟು ದೊಡ್ಡದಿರಬೇಕು, ಪ್ಲಗ್ಗು ಯಾವುದಿರಬೇಕು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹೊರದೇಶಕ್ಕೆ ಓದಲು ಹೊರಟವರದ್ದು, ಇಲ್ಲಾ ಅವರ ಅಪ್ಪ ಅಮ್ಮಂದಿರದ್ದು. ವೀಸಾ, ಫೀಸು ಎಲ್ಲ ಮುಗಿದ ಮೇಲೆ ತಲೆ ತಿನ್ನುವುದು ಇಂಥ ಸಣ್ಣ ಸಾಮಾನುಗಳೇ, ಅಲ್ವಾ?

ಪ್ರಶ್ನೆ: ಎರಡು ವರ್ಷದ ಕೋರ್ಸಿಗೆ ಹೊರಟಿದ್ದೇನೆ. ಒಂದು ದೊಡ್ಡ ಸೂಟ್‌ಕೇಸ್ ಇದೆ, ಜೊತೆಗೊಂದು ಬ್ಯಾಕ್‌ಪ್ಯಾಕ್ ಬೇಕು. ಗೆಳತಿಯರು 65 ಲೀಟರಿನದ್ದೇ ತಗೋ, ರಜೆಯಲ್ಲಿ ಸುತ್ತೋದಕ್ಕೂ ಆಗುತ್ತೆ ಅಂತಾರೆ. ನನ್ನ ಎತ್ತರ ಐದಡಿ ಒಂದಿಂಚು. ಏನು ಮಾಡಲಿ?

65 ಬೇಡಮ್ಮ. ನಾನೂ ಮೊದಲ ಸಲ ಹೋಗುವಾಗ 70 ಲೀಟರಿನದ್ದು ಹೊತ್ತು ಹೋಗಿದ್ದೆ. ಜಾಗ ಇದೆ ಅಂದಮೇಲೆ ತುಂಬದೆ ಬಿಡ್ತೀವಾ? ಲಿಫ್ಟ್ ಇಲ್ಲದ ರೈಲು ನಿಲ್ದಾಣದ ಮೆಟ್ಟಿಲು ಹತ್ತುವಾಗ, ಒಂದು ಕೈಯಲ್ಲಿ ಸೂಟ್‌ಕೇಸ್ ಎಳೆಯುತ್ತಾ, ಬೆನ್ನ ಮೇಲಿನ ಭಾರ ನನ್ನನ್ನೇ ಹಿಂದಕ್ಕೆ ಜಗ್ಗುತ್ತಿತ್ತು. ಎರಡು ದಿನ ಹೆಗಲು ಎತ್ತೋಕಾಗಲಿಲ್ಲ. ಆ ಬ್ಯಾಗು ಆಮೇಲೆ ಎರಡು ವರ್ಷ ಮಂಚದ ಕೆಳಗೇ ಇತ್ತು.

ನಿಮಗೆ 35ರಿಂದ 40 ಲೀಟರ್ ಸಾಕು. ಆ ಅಳತೆಯದ್ದು ಸಾಮಾನ್ಯವಾಗಿ ವಿಮಾನದೊಳಗೆ ಕೈಯಲ್ಲೇ ಒಯ್ಯಲು ಬರುತ್ತದೆ. ಆದರೆ ಲೀಟರ್ ನೋಡಿ ಸುಮ್ಮನಾಗಬೇಡಿ. ವಿಮಾನದವರು ಕೇಳುವುದು ಉದ್ದ, ಅಗಲ, ದಪ್ಪ. ತುಂಬಾ ಕಡೆ ಅದು ಹತ್ತಿರ ಹತ್ತಿರ 55 x 40 x 20 ಸೆಂಟಿಮೀಟರ್, ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಮ್ಮಿ. ಹಾಗಾಗಿ ನಿಮ್ಮ ಟಿಕೆಟ್ ಯಾವ ಕಂಪನಿಯದ್ದೋ ಅವರ ನಿಯಮವನ್ನೇ ಓದಿ. ಬ್ಯಾಗಿನ ಚೀಟಿಯಲ್ಲಿರುವ ಅಳತೆ ಖಾಲಿ ಬ್ಯಾಗಿನದ್ದು. ಮುಂದಿನ ಜೇಬಿಗೆ ಜಾಕೆಟ್ ತುರುಕಿದರೆ 20 ಇದ್ದ ದಪ್ಪ 27 ಆಗಿಬಿಡುತ್ತದೆ. ಮನೆಯಲ್ಲೇ ತುಂಬಿಸಿ ಟೇಪ್ ಹಿಡಿದು ನೋಡಿ. ಇನ್ನೊಂದು ವಿಷಯ, ಬ್ಯಾಗಿನದ್ದೇ ತೂಕ. ಕೈಚೀಲಕ್ಕೆ ಏಳೇ ಕಿಲೋ ಕೊಡುವ ಕಂಪನಿಗಳಿವೆ. ಖಾಲಿ ಬ್ಯಾಗೇ ಎರಡು ಕಿಲೋ ತೂಗಿದರೆ ನಿಮಗೆ ಉಳಿಯುವುದು ಐದು, ಅದರಲ್ಲಿ ಲ್ಯಾಪ್‌ಟಾಪು, ಚಾರ್ಜರ್ ಹೋದರೆ ಮತ್ತೇನಿದೆ?

ಈಗ ಮುಖ್ಯವಾದದ್ದು. ನೀವು ಎತ್ತರ ಬರೆದಿದ್ದೀರಿ, ಆದರೆ ಬ್ಯಾಗಿಗೆ ಬೇಕಾಗಿರುವುದು ಎತ್ತರ ಅಲ್ಲ, ಬೆನ್ನಿನ ಉದ್ದ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ ಇರಬಹುದು. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕಾಣುತ್ತದಲ್ಲ, ಅಲ್ಲಿಂದ ಶುರು. ಎರಡೂ ಕೈ ಸೊಂಟದ ಮೂಳೆಯ ಮೇಲಿಟ್ಟು, ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿ. ಹೆಬ್ಬೆರಳುಗಳ ಮಟ್ಟ ಬೆನ್ನಿನ ನಡುವೆ ಎಲ್ಲಿಗೆ ಬರುತ್ತದೋ ಅಲ್ಲಿಯವರೆಗೆ ಯಾರಿಂದಾದರೂ ಅಳತೆ ತೆಗೆಸಿ. ಒಳ್ಳೆಯ ಬ್ಯಾಗುಗಳು ಈ ಅಳತೆಗೆ ತಕ್ಕಂತೆ ಸಣ್ಣದು, ಮಧ್ಯಮ, ದೊಡ್ಡದು ಅಂತ ಬರುತ್ತವೆ, ಇಲ್ಲವೇ ಹೆಗಲು ಪಟ್ಟಿಯನ್ನು ಮೇಲೆ ಕೆಳಗೆ ಸರಿಸಲು ಬರುತ್ತದೆ.

ಸೊಂಟದ ಬೆಲ್ಟ್ ಬೇಕೇ ಬೇಕು. ತೆಳ್ಳನೆಯ ಪಟ್ಟಿ ಅಲ್ಲ, ಒಳಗೆ ಸ್ಪಂಜು ಇರುವಂಥದ್ದು. ಅದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಸರಿಯಾಗಿ ಕೂತರೆ ಭಾರದ ಹೆಚ್ಚು ಪಾಲು ಸೊಂಟಕ್ಕೆ ಇಳಿದು ಹೆಗಲು ಹಗುರಾಗುತ್ತದೆ. ಅಂಗಡಿಯಲ್ಲಿ ಖಾಲಿ ಬ್ಯಾಗು ಹಾಕಿಕೊಂಡು ಕನ್ನಡಿ ನೋಡಿದರೆ ಎಲ್ಲವೂ ಚೆನ್ನಾಗೇ ಇರುತ್ತದೆ. ಆರೇಳು ಕಿಲೋ ತುಂಬಿಸಿ ಕೊಡಿ ಅಂತ ಕೇಳಿ, ಹತ್ತು ನಿಮಿಷ ಅಲ್ಲೇ ಓಡಾಡಿ. ನಾಚಿಕೆ ಏನೂ ಬೇಡ.

ಬಾಯಿ ಮೇಲುಗಡೆ ಮಾತ್ರ ಇರುವ ಬ್ಯಾಗು ಬೆಟ್ಟ ಹತ್ತುವವರಿಗೆ ಸರಿ. ನಿಮಗೆ ಸೂಟ್‌ಕೇಸಿನ ಹಾಗೆ ಪೂರ್ತಿ ತೆರೆದುಕೊಳ್ಳುವುದೇ ವಾಸಿ, ಇಲ್ಲದಿದ್ದರೆ ತಳದಲ್ಲಿರುವ ಒಂದು ಕಾಲುಚೀಲಕ್ಕಾಗಿ ಇಡೀ ಬ್ಯಾಗು ಸುರಿಯಬೇಕಾಗುತ್ತದೆ. ಲ್ಯಾಪ್‌ಟಾಪ್ ಇಡುವ ಅರೆ ಬೆನ್ನಿನ ಕಡೆಗಿರಲಿ, ಮತ್ತು ಅದರ ತಳ ಬ್ಯಾಗಿನ ತಳಕ್ಕೆ ತಾಗದೆ ಸ್ವಲ್ಪ ಮೇಲಿರಲಿ. ಬ್ಯಾಗನ್ನು ದಪ್ ಅಂತ ನೆಲಕ್ಕೆ ಹಾಕಿದಾಗ ಇದರ ಬೆಲೆ ಗೊತ್ತಾಗುತ್ತದೆ.

ಪ್ರಶ್ನೆ: ಮಗಳು ಅಮೆರಿಕಕ್ಕೆ ಓದಲು ಹೋಗುತ್ತಿದ್ದಾಳೆ. ಯುನಿವರ್ಸಲ್ ಅಡಾಪ್ಟರ್ ಒಂದಿದ್ದರೆ ಸಾಕು ಅಂತ ಹೇರ್ ಡ್ರೈಯರ್, ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್ ಎಲ್ಲ ತುಂಬಿಕೊಂಡಿದ್ದಾಳೆ. ಎಲ್ಲವೂ 230 ವೋಲ್ಟಿನವು. ನನಗ್ಯಾಕೋ ಅನುಮಾನ.

ನಿಮ್ಮ ಅನುಮಾನ ಸರಿಯಾಗಿದೆ. ಅಡಾಪ್ಟರ್ ಮಾಡುವುದು ಒಂದೇ ಕೆಲಸ: ಈ ಪಿನ್ನು ಆ ತೂತಿಗೆ ಹೋಗುವ ಹಾಗೆ ಮಾಡುತ್ತದೆ. ಕರೆಂಟಿನ ವೋಲ್ಟೇಜ್ ಬದಲಿಸುವುದಿಲ್ಲ. ಹೆಸರಲ್ಲಿ ಯುನಿವರ್ಸಲ್ ಅಂತಿದ್ದರೂ ಅಷ್ಟೇ.

ಅಮೆರಿಕದಲ್ಲಿ ಬರುವುದು 120 ವೋಲ್ಟ್. 230 ವೋಲ್ಟಿನ ಕೆಟಲ್ ಅಲ್ಲಿ ಸುಡುವುದಿಲ್ಲ, ಕಾಯುವುದೇ ಇಲ್ಲ ಅನ್ನಬಹುದು. ಲೆಕ್ಕ ಹೀಗೆ: ವೋಲ್ಟೇಜ್ ಅರ್ಧಕ್ಕಿಳಿದರೆ ಶಾಖ ಅರ್ಧ ಅಲ್ಲ, ಕಾಲು ಭಾಗಕ್ಕಿಳಿಯುತ್ತದೆ. 1500 ವ್ಯಾಟಿನ ಕೆಟಲ್ ಅಲ್ಲಿ ಬರೀ 400 ವ್ಯಾಟಿನಷ್ಟು ಕೆಲಸ ಮಾಡುತ್ತದೆ. ನೀರು ಬಿಸಿಯಾಗುವಷ್ಟರಲ್ಲಿ ಕ್ಲಾಸೇ ಮುಗಿದಿರುತ್ತದೆ. ಉಲ್ಟಾ ಆದರೆ ಅಪಾಯ. ಓದು ಮುಗಿಸಿ ವಾಪಸ್ ಬರುವಾಗ ಅಲ್ಲಿನ 120 ವೋಲ್ಟಿನ ಹೇರ್ ಡ್ರೈಯರ್ ತಂದು 230ಕ್ಕೆ ಚುಚ್ಚಿದರೆ ಹೊಗೆ ಬರುತ್ತದೆ. ವೋಲ್ಟೇಜ್ ಬದಲಿಸುವ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ ನಿಜ, ಆದರೆ 1500 ವ್ಯಾಟ್ ತಡೆಯುವಂಥದ್ದು ಹಲವು ಕಿಲೋ ತೂಗುತ್ತದೆ. ಕೆಟಲ್ಲಿಗಾಗಿ ಕಬ್ಬಿಣ ಹೊರುವುದು ಯಾಕೆ?

ಆದ್ದರಿಂದ ಬಿಸಿಯಾಗುವ ಸಾಮಾನು ಯಾವುದೂ ಬೇಡ, ಅಲ್ಲಿಗೆ ಹೋಗಿ ತಗೊಳ್ಳಲಿ. ಓದು ಮುಗಿಸಿ ಊರು ಬಿಡುವ ವಿದ್ಯಾರ್ಥಿಗಳು ಇವನ್ನೆಲ್ಲ ಸಸ್ತಾದಲ್ಲಿ ಮಾರುತ್ತಿರುತ್ತಾರೆ. ಹಾಸ್ಟೆಲ್ ರೂಮಿನಲ್ಲಿ ಇವನ್ನು ಬಳಸಲು ಬಿಡುತ್ತಾರಾ ಅಂತಲೂ ಮೊದಲು ಕೇಳಿಕೊಳ್ಳಲಿ, ತುಂಬಾ ಕಡೆ ಬಿಡುವುದಿಲ್ಲ.

ಫೋನು, ಲ್ಯಾಪ್‌ಟಾಪಿನ ಚಾರ್ಜರ್‌ಗೆ ಈ ತಲೆನೋವಿಲ್ಲ. ಚಾರ್ಜರ್ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್‌ಪುಟ್ ಅಂತ ಇರುತ್ತದೆ. ಅದರ ಮುಂದೆ 100-240 ವೋಲ್ಟ್, 50/60 ಹರ್ಟ್ಜ್ ಅಂತಿದ್ದರೆ ಪ್ರಪಂಚದ ಎಲ್ಲಿಗಾದರೂ ಒಯ್ಯಬಹುದು, ಬರೀ ಅಡಾಪ್ಟರ್ ಸಾಕು. ಜಪಾನಿನ 100 ವೋಲ್ಟಿಗೂ ನಡೆಯುತ್ತದೆ. ಮಗಳ ಒಂದೊಂದು ಸಾಮಾನನ್ನೂ ತಿರುಗಿಸಿ ಆ ಸಾಲು ಓದಿ. ಬೇಕಾದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ನಾನು ಹಾಗೇ ಮಾಡೋದು.

ಪ್ರಶ್ನೆ: ಜರ್ಮನಿಯಲ್ಲಿ ಓದು, ಮಧ್ಯೆ ಇಂಗ್ಲೆಂಡಿನಲ್ಲಿ ಒಂದು ತಿಂಗಳು. ಎಲ್ಲ ದೇಶಕ್ಕೂ ಆಗುವ ಒಂದೇ ಅಡಾಪ್ಟರ್ ಒಳ್ಳೆಯದೋ, ಬೇರೆ ಬೇರೆಯೋ?

ಬೇರೆ ಬೇರೆ. ಎಲ್ಲವೂ ಒಂದರಲ್ಲೇ ಇರುವ ಆ ಡಬ್ಬ ವಿಮಾನ ನಿಲ್ದಾಣಕ್ಕೆ, ಒಂದೆರಡು ದಿನದ ಓಡಾಟಕ್ಕೆ ಸರಿ. ಭಾರ ಜಾಸ್ತಿ, ಗೋಡೆಯ ಸಾಕೆಟ್ಟಿನಿಂದ ಜೋತುಬಿದ್ದು ಸಡಿಲವಾಗುತ್ತದೆ. ಅದಕ್ಕಿಂತ ಮುಖ್ಯ, ಅಂಥ ಎಷ್ಟೋ ಅಡಾಪ್ಟರ್‌ಗಳಲ್ಲಿ ಅರ್ಥಿಂಗ್ ಇರುವುದಿಲ್ಲ. ಮೂರು ಪಿನ್ನಿನ ಪ್ಲಗ್ಗು ಒಳಗೆ ಹೋಗುತ್ತದೆ, ಆದರೆ ಮೂರನೆಯ ಪಿನ್ನು ಯಾವುದಕ್ಕೂ ತಾಗಿರುವುದಿಲ್ಲ. ಲೋಹದ ಮೈಯಿರುವ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಮುಟ್ಟಿದಾಗ ಕೈ ಜುಮ್ಮೆನ್ನುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಜರ್ಮನಿಯದ್ದು ಎಫ್ ಮಾದರಿ. ಎರಡು ದುಂಡನೆಯ ಪಿನ್ನು, ಅರ್ಥಿಂಗ್ ಪಟ್ಟಿ ಪ್ಲಗ್ಗಿನ ಪಕ್ಕಗಳಲ್ಲಿ. ಅಡಾಪ್ಟರ್ ಕೊಳ್ಳುವಾಗ ಆ ಲೋಹದ ಪಟ್ಟಿ ಇದೆಯಾ ನೋಡಿ. ಫೋನ್ ಚಾರ್ಜರಿನ ಸಣ್ಣ ದುಂಡು ಪಿನ್ನಿನ ಯುರೋಪ್ಲಗ್ ಆದರೆ ಅಡಾಪ್ಟರ್ ಇಲ್ಲದೆಯೇ ಅಲ್ಲಿ ಹೋಗುತ್ತದೆ, ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡಿನಲ್ಲೂ. ಇಂಗ್ಲೆಂಡಿನಲ್ಲಿ ಹೋಗುವುದಿಲ್ಲ. ಅಲ್ಲಿ ಮೂರು ಚಪ್ಪಟೆ ದಪ್ಪ ಪಿನ್ನಿನ ಜಿ ಮಾದರಿ, ಪ್ಲಗ್ಗಿನೊಳಗೇ ಒಂದು ಫ್ಯೂಸ್ ಇರುತ್ತದೆ. ಐರ್ಲೆಂಡ್, ಸಿಂಗಾಪುರ, ಮಲೇಷ್ಯಾದಲ್ಲೂ ಅದೇ. ಎರಡೂ ಕಡೆ 230 ವೋಲ್ಟ್, ಆ ಚಿಂತೆ ಇಲ್ಲ.

ಒಂದು ಉಪಾಯ: ನಾಲ್ಕು ಅಡಾಪ್ಟರ್ ಕೊಳ್ಳುವ ಬದಲು ಎರಡು ಮೂರು ಯುಎಸ್‌ಬಿ ತೂತಿರುವ 65 ವ್ಯಾಟಿನ ಒಂದು ಚಾರ್ಜರ್ ತಗೊಳ್ಳಿ. ನಿಮ್ಮ ಲ್ಯಾಪ್‌ಟಾಪ್ ಟೈಪ್-ಸಿಯಿಂದ ಚಾರ್ಜ್ ಆಗುವಂಥದ್ದಾಗಿದ್ದು, ಅಷ್ಟು ವ್ಯಾಟ್ ಸಾಲುವುದಾದರೆ ಗೋಡೆಗೆ ಒಂದೇ ಪ್ಲಗ್ಗು. ಫೋನು, ಲ್ಯಾಪ್‌ಟಾಪ್ ಎರಡನ್ನೂ ಒಟ್ಟಿಗೆ ಹಾಕಿದರೆ ಆ 65 ವ್ಯಾಟ್ ಹಂಚಿಹೋಗುತ್ತದೆ, ಸ್ವಲ್ಪ ನಿಧಾನ ಅಷ್ಟೇ.

ಪ್ರಶ್ನೆ: ಪವರ್ ಬ್ಯಾಂಕ್ ಸೂಟ್‌ಕೇಸಿನಲ್ಲಿ ಹಾಕಬಹುದಾ? ಎಷ್ಟು ದೊಡ್ಡದು ನಡೆಯುತ್ತೆ?

ಹಾಕಲೇಬಾರದು. ಲಿಥಿಯಂ ಬ್ಯಾಟರಿ ಬೆಂಕಿ ಹಿಡಿದರೆ ವಿಮಾನದ ಹೊಟ್ಟೆಯಲ್ಲಿ ಆರಿಸುವವರು ಯಾರೂ ಇರುವುದಿಲ್ಲ, ಅದಕ್ಕೇ ಜೊತೆಯಲ್ಲೇ ಒಯ್ಯಬೇಕು. ಮಿತಿ 100 ವ್ಯಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಹಿಡಿಯುತ್ತದೆ ಅನ್ನುವ ಅಳತೆ. ಪವರ್ ಬ್ಯಾಂಕ್ ಮೇಲೆ ಬರೆದಿರುವ ಎಂಎಎಚ್ (mAh) ಸಂಖ್ಯೆಯನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000ದ್ದು 74 ಆಗುತ್ತದೆ, ಆರಾಮ. 30,000ದ್ದು 111, ಅದಕ್ಕೆ ಮೊದಲೇ ಕಂಪನಿಯ ಒಪ್ಪಿಗೆ ಬೇಕು. 160 ದಾಟಿದರೆ ಇಲ್ಲವೇ ಇಲ್ಲ. ಮೇಲಿನ ಬರಹ ಅಳಿಸಿಹೋಗಿರುವ ಹಳೆಯದನ್ನು ವಿಮಾನ ನಿಲ್ದಾಣದ ತಪಾಸಣೆಯವರು ತಡೆದು ತಾವೇ ಇಟ್ಟುಕೊಂಡುಬಿಡಬಹುದು, ಮನೆಯಲ್ಲೇ ಬಿಡಿ.

ಪ್ರಶ್ನೆ: ಬ್ಯಾಕ್‌ಪ್ಯಾಕಿಗೆ ಬೀಗ ಬೇಕಾ?

ಬೆನ್ನ ಮೇಲಿರುವಾಗ ಬೇಡ, ಹಾಸ್ಟೆಲ್ಲಿನ ಲಾಕರಿಗೆ ಬೇಕು. ಒಂದು ಸಣ್ಣ ನಂಬರ್ ಬೀಗ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಮಾತ್ರ ಹೊರಗಿನ ಜೇಬಿನಲ್ಲಿ ಇಡಬೇಡಿ, ಬೆನ್ನಿಗೆ ಒತ್ತಿಕೊಂಡಿರುವ ಒಳಜೇಬಿನಲ್ಲಿಡಿ.