ಬಾವುಟ ಹಿಡಿದ ಕೈಯಲ್ಲೇ ಕರಪತ್ರ: ಓದುಗರಿಗೆ ಸಂಪಾದಕರ ಉತ್ತರ

ಕಳೆದ ಸಂಚಿಕೆಯಲ್ಲಿ ಜರ್ಮನಿಯ ಸೋಫಿ ಶೋಲ್ ಬಗ್ಗೆ ಲೇಖನ ಬಂದಿತ್ತು. ಹಿಟ್ಲರ್ ವಿರುದ್ಧ ಕರಪತ್ರ ಹಂಚಿದ್ದಕ್ಕೆ 1943ರ ಫೆಬ್ರುವರಿ 22ರಂದು, 21ನೇ ವಯಸ್ಸಿಗೇ ಮರಣದಂಡನೆಗೆ ಗುರಿಯಾದ ವಿದ್ಯಾರ್ಥಿನಿ ಅವಳು. ಅದನ್ನು ಓದಿ ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು ಉದ್ದದ ಕಾಗದ ಬರೆದಿದ್ದಾರೆ. ಅದರ ತಿರುಳು ಇಷ್ಟು:

“ಈ ಹುಡುಗಿ, ಇವಳ ಅಣ್ಣ, ಇಬ್ಬರೂ ಮೊದಲು ಹಿಟ್ಲರನ ಯುವಪಡೆಯಲ್ಲಿ ಮುಂದಾಳುಗಳಾಗಿದ್ದರು. ನೀವು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಿನ್ನೆ ಜೈ ಅಂದವರು ಇವತ್ತು ಧಿಕ್ಕಾರ ಅಂದರೆ ಅವರ ನಿಷ್ಠೆಗೆ ಬೆಲೆ ಏನು? ಅದೂ ಯುದ್ಧದ ಹೊತ್ತಿನಲ್ಲಿ, ತಮ್ಮ ಹುಡುಗರೇ ಸಾಯುತ್ತಿರುವಾಗ, ನಾವು ಸೋಲಬೇಕು ಅನ್ನುವುದು ದ್ರೋಹ ಅಲ್ವಾ? ಇಷ್ಟಕ್ಕೂ ಮನೆಯ ದೊಡ್ಡವರು ಏನು ಮಾಡುತ್ತಿದ್ದರು?”

ಮೇಷ್ಟ್ರೇ, ನಿಮ್ಮ ಪ್ರಶ್ನೆಗಳು ಗಟ್ಟಿಯಾಗಿವೆ. ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟರೆ ಅನ್ಯಾಯವಾಗುತ್ತದೆ. ಅದಕ್ಕೇ ಈ ಸಲ ಈ ಅಂಕಣ ಪೂರ್ತಿ ನಿಮಗೆ.

ಮೊದಲು ಆ ‘ಒಂದು ಸಾಲು’ ಬಿಡಿಸಿ ಹೇಳುತ್ತೇನೆ. ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರ ಜನವರಿಯಲ್ಲಿ. ಆಗ ಶೋಲ್ ಕುಟುಂಬ ದಕ್ಷಿಣ ಜರ್ಮನಿಯ ಉಲ್ಮ್ ಪಟ್ಟಣದಲ್ಲಿತ್ತು. ಅಣ್ಣ ಹಾನ್ಸ್‌ಗೆ 14 ವರ್ಷ, ಸೋಫಿಗೆ 11. ಅದೇ ವರ್ಷ ಹಾನ್ಸ್ ಹಿಟ್ಲರ್ ಯುವಪಡೆ ಸೇರಿದ. ಮರುವರ್ಷ ಸೋಫಿ ಅದರ ಹುಡುಗಿಯರ ವಿಭಾಗ ಸೇರಿದಳು. ಯಾರೂ ಅವರನ್ನು ಎಳೆದುಕೊಂಡು ಹೋಗಿರಲಿಲ್ಲ. ಸೇರಲೇಬೇಕು ಅನ್ನುವ ಕಟ್ಟುನಿಟ್ಟಿನ ಆದೇಶ ಬಂದದ್ದೇ 1939ರಲ್ಲಿ. ಇವರು ಖುಷಿಯಿಂದ, ಓಡಿ ಹೋಗಿ ಸೇರಿದವರು. ಇವರಿಬ್ಬರೇ ಅಲ್ಲ. 1932ರ ಕೊನೆಯಲ್ಲಿ ಸುಮಾರು ಒಂದು ಲಕ್ಷದಷ್ಟಿದ್ದ ಆ ಸಂಘದ ಸದಸ್ಯರು ಒಂದೇ ವರ್ಷದಲ್ಲಿ 20 ಲಕ್ಷ ದಾಟಿದರು.

ಮಕ್ಕಳನ್ನು ಎಳೆದದ್ದು ಏನು ಅಂತ ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ. ಚಾರಣ, ಡೇರೆ, ರಾತ್ರಿ ಬೆಂಕಿಯ ಸುತ್ತ ಕೂತು ಹಾಡು, ಒಂದೇ ಬಣ್ಣದ ಬಟ್ಟೆ. ಜಾಸ್ತಿ ಎಳೆದದ್ದು ಇನ್ನೊಂದು. ‘ಯುವಕರನ್ನು ಯುವಕರೇ ಮುನ್ನಡೆಸಬೇಕು’ ಅನ್ನುವುದು ಆ ಸಂಘದ ಘೋಷಣೆ. ಶಾಲೆಯಲ್ಲಿ ಕೈಕಟ್ಟಿ ನಿಲ್ಲಬೇಕಾದ ವಯಸ್ಸಿನ ಹುಡುಗಿಗೆ ಅಲ್ಲಿ ಒಂದು ಗುಂಪಿನ ಜವಾಬ್ದಾರಿ ಸಿಗುತ್ತಿತ್ತು. ದೇಶ ನಿನ್ನನ್ನು ನಂಬಿದೆ ಅಂತ ಅವಳಿಗೆ ಹೇಳಲಾಗುತ್ತಿತ್ತು. ಸೋಫಿ ಒಳ್ಳೆಯ ನಾಯಕಿಯೇ ಆಗಿದ್ದಳು. ಧೈರ್ಯ, ಹುರುಪು, ಜೊತೆಯವರಿಗಾಗಿ ಕಷ್ಟಪಡುವ ಗುಣ ಎಲ್ಲ ಇತ್ತು. ಸರ್ವಾಧಿಕಾರಕ್ಕೆ ಬೇಕಿದ್ದದ್ದೂ ಆ ಗುಣಗಳೇ. ಕೆಟ್ಟ ಮಕ್ಕಳನ್ನು ಹುಡುಕಿಕೊಂಡು ಅದು ಬರಲಿಲ್ಲ.

ಹಾಗಾದರೆ ಬದಲಾದದ್ದು ಯಾವಾಗ? ‘ಇಂಥ ದಿನ’ ಅಂತ ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸುವುದೇ ಅದು. ಸಣ್ಣ ಸಣ್ಣ ವಿಷಯಗಳಲ್ಲಿ ಮೊದಲು ತಕರಾರು ಬಂತು. ಸೋಫಿಯ ತರಗತಿಯಲ್ಲಿ ಒಬ್ಬ ಯಹೂದಿ ಗೆಳತಿ ಇದ್ದಳು. ಹೊಂಬಣ್ಣದ ಕೂದಲು, ನೀಲಿ ಕಣ್ಣು. ‘ಅವಳನ್ನು ಸೇರಿಸಿಕೊಳ್ಳುವುದಿಲ್ಲ, ಕಪ್ಪು ಕೂದಲಿನ ನನ್ನನ್ನು ಸೇರಿಸಿಕೊಳ್ಳುತ್ತಾರೆ, ಇದೇನು?’ ಅಂತ ಸೋಫಿ ಕೇಳುತ್ತಿದ್ದಳಂತೆ. ಇನ್ನೊಮ್ಮೆ ಗುಂಪಿನಲ್ಲಿ ಏನು ಓದೋಣ ಅನ್ನುವ ಮಾತು ಬಂದಾಗ ಕವಿ ಹೈನೆಯ ಹೆಸರು ಹೇಳಿದಳು. ಹೈನೆ ಹುಟ್ಟಿನಿಂದ ಯಹೂದಿ, ಅವನ ಪುಸ್ತಕಗಳಿಗೆ ನಿಷೇಧ ಇತ್ತು. ಮೇಲಿನವರು ಮುಖ ಸಿಂಡರಿಸಿದಾಗ, ಹೈನೆ ಗೊತ್ತಿಲ್ಲದವರಿಗೆ ಜರ್ಮನ್ ಸಾಹಿತ್ಯವೇ ಗೊತ್ತಿಲ್ಲ ಅಂದಳಂತೆ. ಇದನ್ನೆಲ್ಲ ಆಮೇಲೆ ಬರೆದಿಟ್ಟವಳು ಅಕ್ಕ ಇಂಗೆ. ಇಂಗೆ ಕೂಡ ಆ ಸಂಘದ ನಾಯಕಿಯಾಗಿದ್ದವಳೇ.

ಹಾನ್ಸ್ 1935ರಲ್ಲಿ ನ್ಯೂರೆಂಬರ್ಗ್‌ನ ಮಹಾ ಸಮಾವೇಶಕ್ಕೆ ಬಾವುಟ ಹಿಡಿದು ಹೋದ. ಆ ವಯಸ್ಸಿಗೆ ಅದಕ್ಕಿಂತ ದೊಡ್ಡ ಗೌರವ ಇರಲಿಲ್ಲ. ಬರುವಾಗ ಅವನ ಮುಖದಲ್ಲಿ ಕಳೆ ಇರಲಿಲ್ಲ ಅಂತ ಇಂಗೆ ನೆನೆಯುತ್ತಾಳೆ. ಸಾಲು, ಕವಾಯತು, ಬೆಳಗಿಂದ ರಾತ್ರಿವರೆಗೆ ಒಂದೇ ಘೋಷಣೆ. ಒಬ್ಬರಿಗೊಬ್ಬರು ಕೂತು ಮಾತಾಡಲು ಬಿಡುವೇ ಇಲ್ಲ. ಅವನಿಗೆ ರಷ್ಯನ್ ಹಾಡು, ನಾರ್ವೆಯ ಹಾಡು ಇಷ್ಟ. ಅವನ್ನು ಹಾಡಬಾರದು ಅಂದರು. ಅವನ ಗುಂಪಿನ ಹುಡುಗರು ತಾವೇ ಹೊಲಿದು ಒಂದು ಬಾವುಟ ಮಾಡಿಕೊಂಡಿದ್ದರು. ಅದನ್ನು ಒಪ್ಪಿಸು ಅಂತ ಮೇಲಿನವನು ಚಿಕ್ಕ ಹುಡುಗನೊಬ್ಬನ ಮೇಲೆ ಗದರಿದಾಗ ಹಾನ್ಸ್ ಮುಂದೆ ಬಂದು ಆ ಮೇಲಿನವನ ಕೆನ್ನೆಗೆ ಬಾರಿಸಿದ.

ಗಮನಿಸಿ ಮೇಷ್ಟ್ರೇ, ಇಲ್ಲಿ ದೊಡ್ಡ ರಾಜಕೀಯ ಇನ್ನೂ ಬಂದಿಲ್ಲ. ಹಾಡು, ಪುಸ್ತಕ, ಗೆಳತಿ, ಕೈಯಾರೆ ಹೊಲಿದ ಬಾವುಟ. ಹದಿನಾರು ಹದಿನೇಳರ ವಯಸ್ಸಿಗೆ ಇವೇ ಲೋಕ.

1937ರ ಕೊನೆಯಲ್ಲಿ ಗುಪ್ತ ಪೊಲೀಸರು, ಅಂದರೆ ಗೆಸ್ಟಪೊ, ಮನೆಗೇ ಬಂದರು. ನಿಷೇಧಿತ ಯುವಕರ ಗುಂಪು ನಡೆಸಿದ ಆರೋಪ. ಇಂಗೆ, ತಮ್ಮ ವೆರ್ನರ್, ಆಗಷ್ಟೇ ಸೈನ್ಯ ಸೇರಿದ್ದ ಹಾನ್ಸ್, ಎಲ್ಲರನ್ನೂ ಹಿಡಿದರು. ಸೋಫಿಯನ್ನೂ ಕರೆದೊಯ್ದು ಅವತ್ತೇ ಬಿಟ್ಟರು. ಆಗ ಅವಳಿಗೆ 16. ಐದು ವರ್ಷದ ಮೇಲೆ ಮ್ಯೂನಿಕ್‌ನಲ್ಲಿ ಅದೇ ಗೆಸ್ಟಪೊ ವಿಚಾರಣೆ ನಡೆಸಿದಾಗ, ತಾನು ಈ ಆಡಳಿತದಿಂದ ದೂರವಾದ ಕಾರಣಗಳಲ್ಲಿ ಒಡಹುಟ್ಟಿದವರ ಈ ಬಂಧನವನ್ನೂ ಅವಳು ಹೇಳುತ್ತಾಳೆ. ಮನುಷ್ಯನ ಯೋಚನೆಯ ಸ್ವಾತಂತ್ರ್ಯವನ್ನು ಕಟ್ಟಿಹಾಕುವುದು ತನಗೆ ಒಗ್ಗುವುದೇ ಇಲ್ಲ ಅಂತಲೂ ಹೇಳುತ್ತಾಳೆ. ಆ ವಿಚಾರಣೆಯ ದಾಖಲೆ ಉಳಿದಿದೆ.

ಆದರೂ ಬಂಧನ ಆದ ಮರುದಿನವೇ ಅವಳು ಸಮವಸ್ತ್ರ ಬಿಸಾಕಲಿಲ್ಲ. ಕೆಲಕಾಲ ನಾಯಕಿಯಾಗಿಯೇ ಮುಂದುವರಿದಳು. ಕೆಲವರು ಇದನ್ನು ಮುಚ್ಚಿಟ್ಟು ಅವಳನ್ನು ಹುಟ್ಟಿನಿಂದಲೇ ವೀರಳು ಅನ್ನುವಂತೆ ಚಿತ್ರಿಸುತ್ತಾರೆ. ನನಗದು ಸರಿ ಕಾಣುವುದಿಲ್ಲ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇದ್ದ ಆ ವರ್ಷಗಳೇ ನನಗೆ ಜಾಸ್ತಿ ನಂಬಿಕೆ ಹುಟ್ಟಿಸುತ್ತವೆ. ಗೆಳತಿಯರೆಲ್ಲ ಅಲ್ಲೇ ಇದ್ದಾರೆ. ಊರೆಲ್ಲ ಅಲ್ಲೇ ಇದೆ. ಬಿಟ್ಟು ಬರುವುದು ಅಷ್ಟು ಸುಲಭವೇ?

ಮನೆಯ ದೊಡ್ಡವರ ಬಗ್ಗೆ ಕೇಳಿದ್ದೀರಿ. ತಂದೆ ರಾಬರ್ಟ್ ಶೋಲ್ ಹಿಂದೆ ಒಂದು ಸಣ್ಣ ಊರಿನ ಮೇಯರ್ ಆಗಿದ್ದವರು. ಹಿಟ್ಲರನನ್ನು ಮೊದಲ ದಿನದಿಂದಲೂ ಒಪ್ಪದವರು. ಕೊಳಲೂದಿ ಮಕ್ಕಳನ್ನು ಕರೆದೊಯ್ದ ಕಿಂದರಿಜೋಗಿಯ ಥರ ಇವನು ಅಂತ ಮಕ್ಕಳಿಗೆ ಹೇಳುತ್ತಿದ್ದರಂತೆ. ಮಕ್ಕಳು ಕೇಳಲಿಲ್ಲ. ಅಪ್ಪನದು ಹಳೇ ಕಾಲದ ಬುದ್ಧಿ ಅಂದುಕೊಂಡರು. ಮನೆಯಲ್ಲಿ ಜೋರು ವಾದ ನಡೆಯುತ್ತಿತ್ತು. ಹಾಗಂತ ಅಪ್ಪ ಬಾಗಿಲು ಹಾಕಲಿಲ್ಲ, ಮಾತು ಬಿಡಲಿಲ್ಲ. ಮಕ್ಕಳ ಮನಸ್ಸಿನಲ್ಲಿ ಅನುಮಾನ ಹುಟ್ಟಿದಾಗ ಅದನ್ನು ಹೆದರದೆ ಆಡಲು ಒಂದು ಜಾಗ ಇತ್ತು, ಅದು ಅವರ ಮನೆ. ಪಕ್ಕದ ಮನೆಯವರೂ ಪೊಲೀಸರಿಗೆ ಹೇಳಿಬಿಡಬಹುದಾದ ಕಾಲದಲ್ಲಿ ಅಂಥ ಮನೆ ಎಷ್ಟು ಜನಕ್ಕಿತ್ತು? 1942ರಲ್ಲಿ ತಂದೆಗೂ ಜೈಲಾಯಿತು. ಕಚೇರಿಯಲ್ಲಿ ಹಿಟ್ಲರನ ಬಗ್ಗೆ ಆಡಿದ ಒಂದು ಮಾತನ್ನು ಅವರ ಕೈಕೆಳಗಿನವರೇ ಹೋಗಿ ಹೇಳಿದ್ದರು. ನಾಲ್ಕು ತಿಂಗಳ ಶಿಕ್ಷೆ.

ಇನ್ನು ದ್ರೋಹದ ಮಾತು. ನಿಮ್ಮ ಕಾಗದದಲ್ಲಿ ಇದೇ ನೋವಿನ ಜಾಗ ಅಂತ ನನಗೆ ಗೊತ್ತಾಯಿತು. ಗಡಿಯಲ್ಲಿ ಮಗನೋ ಮೊಮ್ಮಗನೋ ಇರುವ ಮನೆಗಳಿಗೆ ಈ ಪ್ರಶ್ನೆ ಸುಮ್ನೆ ಕೇಳುವಂಥದ್ದಲ್ಲ.

ಸೋಫಿಗೂ ಅದು ಸುಮ್ನೆ ಇರಲಿಲ್ಲ. ಅವಳ ಪ್ರೀತಿಯವರೆಲ್ಲ ಸೈನ್ಯದಲ್ಲಿದ್ದರು. ಅಣ್ಣ ಹಾನ್ಸ್ ವೈದ್ಯಕೀಯ ವಿದ್ಯಾರ್ಥಿ, ಸೈನ್ಯದ ವೈದ್ಯಕೀಯ ಪಡೆಗೆ ಸೇರಿದವನು. ತಮ್ಮ ವೆರ್ನರ್ ರಷ್ಯಾದ ರಣರಂಗದಲ್ಲಿ. ಅವಳು ಪ್ರೀತಿಸಿದ ಫ್ರಿಟ್ಜ್ ಹಾರ್ಟ್‌ನಾಗೆಲ್ ವೃತ್ತಿಯಿಂದಲೇ ಸೈನ್ಯಾಧಿಕಾರಿ. 1939ರಲ್ಲಿ ಯುದ್ಧ ಶುರುವಾದಾಗಲೇ ಅವಳು ಅವನಿಗೆ ಬರೆದಿದ್ದಳು: ಮನುಷ್ಯರು ಮನುಷ್ಯರಿಂದಲೇ ಜೀವಭಯದಲ್ಲಿ ಇರಬೇಕಾದದ್ದು ನನಗೆ ಅರ್ಥವಾಗುವುದಿಲ್ಲ, ಇದು ಪಿತೃಭೂಮಿಗಾಗಿ ಅಂತ ಮಾತ್ರ ಹೇಳಬೇಡ.

1941ರ ಚಳಿಗಾಲ. ಜರ್ಮನ್ ಸೈನ್ಯ ಮಾಸ್ಕೋ ಹತ್ತಿರ ಹಿಮದಲ್ಲಿ ಸಿಕ್ಕಿಹಾಕಿಕೊಂಡಿದೆ. ಊರೂರಲ್ಲಿ ಉಣ್ಣೆ ಬಟ್ಟೆ, ಕೈಗವಸು, ತುಪ್ಪಳದ ಕೋಟು ಕೊಡಿ ಅಂತ ಸಂಗ್ರಹ ನಡೆಯುತ್ತಿದೆ. ಸೋಫಿ ಏನೂ ಕೊಡುವುದಿಲ್ಲ ಅಂದಳು. ಫ್ರಿಟ್ಜ್ ಬೆಚ್ಚಿಬಿದ್ದ. ರಷ್ಯಾದ ಚಳಿ ಅಂದರೆ ಏನು, ಕೈಗವಸಿಲ್ಲದ ಸೈನಿಕನ ಗತಿ ಏನು ಅಂತ ಕಣ್ಣಾರೆ ಕಂಡವನು ಅವನು. ಅವಳು ಪಟ್ಟು ಬಿಡಲಿಲ್ಲ. ಸೆಟೆದು ಸಾಯುವವನು ಜರ್ಮನ್ ಆದರೇನು ರಷ್ಯನ್ ಆದರೇನು, ಎರಡೂ ಅಷ್ಟೇ ಘೋರ. ಆದರೆ ನಾವು ಈ ಯುದ್ಧ ಸೋಲಬೇಕು. ಉಣ್ಣೆ ಕೊಟ್ಟರೆ ಯುದ್ಧ ಇನ್ನಷ್ಟು ದಿನ ನಡೆಯುತ್ತದೆ. ಅವಳ ವಾದ ಇದು. ಯುದ್ಧ ಮುಗಿದ ಎಷ್ಟೋ ವರ್ಷದ ಮೇಲೆ ಫ್ರಿಟ್ಜ್ ಈ ಜಗಳವನ್ನು ನೆನಪಿಸಿಕೊಂಡಿದ್ದಾನೆ.

ಈ ಮಾತು ಕಟುವಾಗಿದೆ. ಅದನ್ನು ಮೆತ್ತಗೆ ಮಾಡಿ ಹೇಳಲು ನನಗೆ ಇಷ್ಟವಿಲ್ಲ. ಆದರೆ ಆ ಹೊತ್ತಿಗೆ ಮತ್ತು ಮುಂದಿನ ತಿಂಗಳುಗಳಲ್ಲಿ ಅವಳಿಗೆ ಏನೇನು ತಿಳಿಯಿತು ಅಂತಲೂ ನೋಡಬೇಕು. 1941ರ ಆಗಸ್ಟ್‌ನಲ್ಲಿ ಮ್ಯೂನ್‌ಸ್ಟರ್‌ನ ಬಿಷಪ್ ಫಾನ್ ಗಾಲೆನ್ ತಮ್ಮ ಪ್ರವಚನದಲ್ಲಿ, ಬುದ್ಧಿಮಾಂದ್ಯರನ್ನೂ ಅಂಗವಿಕಲರನ್ನೂ ಸರ್ಕಾರವೇ ಕೊಲ್ಲಿಸುತ್ತಿದೆ ಅಂತ ಬಹಿರಂಗವಾಗಿ ಹೇಳಿದ್ದರು. ಅದರ ನಕಲು ಶೋಲ್ ಮನೆಯ ಅಂಚೆ ಡಬ್ಬಿಗೂ ಬಂದು ಬಿದ್ದಿತ್ತು. ರಷ್ಯಾದಲ್ಲಿ ಯಹೂದಿಗಳನ್ನು ಗುಂಪುಗುಂಪಾಗಿ ಕೊಲ್ಲುತ್ತಿರುವ ಸುದ್ದಿ 1942ರಲ್ಲಿ ಫ್ರಿಟ್ಜ್‌ನ ಪತ್ರದಲ್ಲೇ ಬಂತು. ವೈಟ್ ರೋಸ್ (ಬಿಳಿ ಗುಲಾಬಿ) ಅನ್ನುವ ಹಿಟ್ಲರ್ ವಿರೋಧಿ ಗುಂಪಿನ ಹೆಸರಿನಲ್ಲಿ ಹಾನ್ಸ್ ಮತ್ತು ಗೆಳೆಯ ಅಲೆಕ್ಸಾಂಡರ್ ಶ್ಮೊರೆಲ್ ಬರೆದ ಎರಡನೇ ಕರಪತ್ರದಲ್ಲಿ, ಪೋಲೆಂಡಿನಲ್ಲಿ ಮೂರು ಲಕ್ಷ ಯಹೂದಿಗಳ ಕೊಲೆಯಾಗಿದೆ ಅಂತ ಬರೆದಿದ್ದಾರೆ. ಆ ಯುದ್ಧ ಮುಂದುವರಿಯುವುದು ಅಂದರೆ ಈ ಕೊಲೆಗಳು ಮುಂದುವರಿಯುವುದು. ಗೆದ್ದರೆ, ನಿಲ್ಲಿಸುವವರೇ ಇಲ್ಲ. ತನ್ನ ದೇಶ ಹೀಗಿರುವಾಗ ಅದರ ಗೆಲುವನ್ನು ಬಯಸುವುದು ದೇಶಪ್ರೇಮ ಅಂತ ನಾನು ಹೇಳಲಾರೆ. ನೀವು ಹೇಳುತ್ತೀರಾ ಮೇಷ್ಟ್ರೇ?

ನಿಷ್ಠೆ ಬದಲಿಸಿದವರ ಬೆಲೆ ಕೇಳಿದಿರಿ. ನಮ್ಮಲ್ಲಿ ಪಕ್ಷಾಂತರ ನೋಡಿ ನೋಡಿ ನಮಗೆಲ್ಲ ಮನಸ್ಸು ಕಹಿಯಾಗಿದೆ, ಒಪ್ಪುತ್ತೇನೆ. ಅಲ್ಲಿ ಬದಲಾಗುವವರು ಗಾಳಿ ಎತ್ತ ಬೀಸುತ್ತಿದೆ ಅಂತ ನೋಡಿಕೊಂಡು ಹೋಗುತ್ತಾರೆ. ಇಲ್ಲಿ ತಾರೀಖು ನೋಡಿ. ವೈಟ್ ರೋಸ್‌ನ ಮೊದಲ ನಾಲ್ಕು ಕರಪತ್ರ ಹೊರಬಂದದ್ದು 1942ರ ಜೂನ್ 27ರಿಂದ ಜುಲೈ 12ರ ನಡುವೆ. ಜೂನ್ 28ಕ್ಕೆ ಜರ್ಮನ್ ಸೈನ್ಯ ವೋಲ್ಗಾ ನದಿ, ಕಾಕಸಸ್ ಕಡೆಗೆ ದೊಡ್ಡ ದಾಳಿ ಶುರುಮಾಡಿತು. ಹಿಟ್ಲರನ ಸಾಮ್ರಾಜ್ಯ ಅದರ ತುತ್ತತುದಿಯಲ್ಲಿದ್ದ ಹೊತ್ತು ಅದು. ರಷ್ಯಾದ ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ ಸೈನ್ಯ ಸೋಲುವುದು ಇನ್ನೂ ಏಳು ತಿಂಗಳು ದೂರ. ಗೆಲ್ಲುವ ಎತ್ತಿನ ಬಾಲ ಹಿಡಿಯುವವರು ಆಗ ಈ ಕಡೆ ಬರುತ್ತಲೇ ಇರಲಿಲ್ಲ.

ಆ ಗುಂಪಿನಲ್ಲಿ ಎಲ್ಲರೂ ಒಂದೇ ದಾರಿಯಿಂದ ಬಂದವರಲ್ಲ. ವಿಲ್ಲಿ ಗ್ರಾಫ್ ಯುವಪಡೆಗೆ ಕಾಲಿಟ್ಟವನೇ ಅಲ್ಲ. ಸೇರಿದ ಗೆಳೆಯರ ಹೆಸರನ್ನು ತನ್ನ ವಿಳಾಸದ ಪುಸ್ತಕದಿಂದ ಹೊಡೆದುಹಾಕಿದ್ದ. ತಾಯಿಯಿಂದ ರಷ್ಯನ್ ಆಗಿದ್ದ ಶ್ಮೊರೆಲ್‌ಗೆ ಹಿಟ್ಲರ್ ಹೆಸರಿನಲ್ಲಿ ಪ್ರಮಾಣ ಮಾಡುವುದೇ ಗಂಟಲಲ್ಲಿ ಇಳಿದಿರಲಿಲ್ಲ. ಪ್ರೊಫೆಸರ್ ಕುರ್ಟ್ ಹೂಬರ್ ನಾಜಿ ಪಕ್ಷದ ಸದಸ್ಯರು. ಆರನೇ ಕರಪತ್ರ ಬರೆದವರೂ ಅವರೇ. ಅದರಲ್ಲಿ ಜರ್ಮನ್ ಸೈನ್ಯವನ್ನು ಬೆಂಬಲಿಸುವ ಒಂದು ಸಾಲು ಇತ್ತು. ಹಾನ್ಸ್, ಶ್ಮೊರೆಲ್ ಅದನ್ನು ಕಿತ್ತುಹಾಕಿದರು. ಹೂಬರ್ ಕೋಪಿಸಿಕೊಂಡು ಎದ್ದುಹೋದರು. ಇಷ್ಟು ಭಿನ್ನಾಭಿಪ್ರಾಯ ಇದ್ದೂ ಐದೇ ತಿಂಗಳಲ್ಲಿ, 1943ರ ಜುಲೈ 13ರಂದು, ಹೂಬರ್ ಮತ್ತು ಶ್ಮೊರೆಲ್ ಒಂದೇ ದಿನ ತಲೆ ಕೊಟ್ಟರು. ಗ್ರಾಫ್‌ನ ಸರದಿ ಅಕ್ಟೋಬರ್‌ನಲ್ಲಿ ಬಂತು.

ಸೋಫಿ, ಹಾನ್ಸ್ ಸಿಕ್ಕಿಬಿದ್ದದ್ದು ಅದೇ ಆರನೇ ಕರಪತ್ರ ಹಂಚುವಾಗ. 1943ರ ಫೆಬ್ರುವರಿ 18, ಮ್ಯೂನಿಕ್ ವಿಶ್ವವಿದ್ಯಾಲಯ. ತರಗತಿಗಳ ಬಾಗಿಲಲ್ಲಿ ಕಟ್ಟು ಇಟ್ಟು ಬಂದರು. ಉಳಿದ ಒಂದು ಕಟ್ಟನ್ನು ಸೋಫಿ ಮೇಲಿನ ಕಟಕಟೆಯಿಂದ ಕೆಳಗಿನ ಅಂಗಳಕ್ಕೆ ತಳ್ಳಿದಳು. ಕಟ್ಟಡ ನೋಡಿಕೊಳ್ಳುವ ನೌಕರ ಹಿಡಿದುಕೊಟ್ಟ. ನಾಲ್ಕೇ ದಿನಕ್ಕೆ, ನ್ಯಾಯಾಧೀಶ ಫ್ರೈಸ್ಲರ್ ಮುಂದೆ ವಿಚಾರಣೆ, ಅದೇ ಸಂಜೆ ಗಿಲೊಟಿನ್, ಅಂದರೆ ತಲೆ ಕಡಿಯುವ ಯಂತ್ರ. ಜೊತೆಗೆ ಅದೇ ಗುಂಪಿನ ಕ್ರಿಸ್ಟೋಫ್ ಪ್ರೋಬ್ಸ್ಟ್, ಮೂರು ಚಿಕ್ಕ ಮಕ್ಕಳ ತಂದೆ, 23 ವರ್ಷ. ಅವತ್ತೇ ಅದೇ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಸಭೆ ಸೇರಿ ಆ ನೌಕರನಿಗೆ ಜಯಕಾರ ಹಾಕಿದರು. ದ್ರೋಹ ಅನ್ನುವ ಮಾತು ಅವತ್ತು ಎಲ್ಲರ ಬಾಯಲ್ಲೂ ಇತ್ತು.

ಸೋಫಿ ಮಾತ್ರ ಗೆಸ್ಟಪೊ ವಿಚಾರಣೆಯ ಕೊನೆಗೆ, ನನ್ನ ಜನಕ್ಕಾಗಿ ಈ ಹೊತ್ತಿನಲ್ಲಿ ನಾನು ಮಾಡಬಹುದಾದ ಅತ್ಯುತ್ತಮ ಕೆಲಸ ಮಾಡಿದ್ದೇನೆ, ಪಶ್ಚಾತ್ತಾಪ ಇಲ್ಲ ಅಂದಳು. ‘ನನ್ನ ಜನ’ ಅನ್ನುವುದನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಸಮವಸ್ತ್ರ ತೊಟ್ಟಾಗಲೂ ಅವಳ ಮನಸ್ಸಿನಲ್ಲಿ ಇದ್ದದ್ದು ಆ ಜನವೇ ಅಂತ ನಾನು ನಂಬುತ್ತೇನೆ.

ಕೊನೆಗೆ ಫ್ರಿಟ್ಜ್ ಬಗ್ಗೆ ಒಂದು ಮಾತು. ನೀವು ಕೇಳಿದ ಪ್ರಶ್ನೆಯನ್ನು ನಿಮಗಿಂತ ಮೊದಲು ಸೋಫಿಗೆ ಕೇಳಿದವನು ಅವನೇ. ಸ್ಟಾಲಿನ್‌ಗ್ರಾಡ್‌ನ ಹಿಮಕ್ಕೆ ಕೈಬೆರಳು ಕಳೆದುಕೊಂಡು, ಸೈನ್ಯ ಶರಣಾಗುವ ಕೆಲವೇ ದಿನ ಮೊದಲು ವಿಮಾನದಲ್ಲಿ ಹೊರಬಂದ. ಸೋಫಿಯ ಸುದ್ದಿ ಆಸ್ಪತ್ರೆಯಲ್ಲಿದ್ದ ಅವನಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯುದ್ಧದ ನಂತರ ಅವಳ ಅಕ್ಕ ಎಲಿಸಬೆತ್‌ಳನ್ನು ಮದುವೆಯಾದ. ಸೈನ್ಯ ಬಿಟ್ಟು ಕಾನೂನು ಓದಿ ನ್ಯಾಯಾಧೀಶನಾದ. ಆತ್ಮಸಾಕ್ಷಿ ಒಪ್ಪದೆ ಸೈನ್ಯಕ್ಕೆ ಸೇರಲೊಲ್ಲದ ಯುವಕರಿಗೆ ಸಲಹೆ ಕೊಟ್ಟು ನೆರವಾದ. ಸೋಫಿ ಮತ್ತು ಅವನ ನಡುವಿನ ಪತ್ರಗಳು ಪ್ರಕಟವಾಗಿವೆ. ಮುಂದಿನ ಸಂಚಿಕೆಗೆ ಅವುಗಳ ಬಗ್ಗೆ ಲೇಖನ ಬರೆಸುತ್ತಿದ್ದೇವೆ. ಓದಿ ಮತ್ತೆ ಬರೆಯಿರಿ ಮೇಷ್ಟ್ರೇ, ಒಪ್ಪದಿದ್ದರೂ ಬರೆಯಿರಿ.

– ಸಂಪಾದಕ